ಬೋರ್ಡ್ ಎಲ್ಲಿದೆ ಸ್ವಾಮಿ? ಮೈಸೂರು–ಬೆಂಗಳೂರು ಹೆದ್ದಾರಿಯ ಕ್ಯಾಮೆರಾ ಬಗ್ಗೆ ಸಂಸದರಿಗೊಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ,

ನಮಸ್ಕಾರ. ನಾನು ಮೈಸೂರಿನವನು. 19 ವರ್ಷದಿಂದ ಹಳದಿ ಬೋರ್ಡ್ ಗಾಡಿ ಓಡಿಸುತ್ತಿದ್ದೇನೆ. ವಾರಕ್ಕೆ ನಾಲ್ಕೈದು ಸಲ ಬೆಂಗಳೂರು ಏರ್‌ಪೋರ್ಟ್ ಟ್ರಿಪ್ ಇರುತ್ತದೆ. ಪತ್ರಗಿತ್ರ ಬರೆದು ಅಭ್ಯಾಸವಿಲ್ಲ. ಇಷ್ಟು ದಿನ ಸುಮ್ಮನಿದ್ದೆ. ಹೋದ ತಿಂಗಳು ಒಂದೇ ದಿನ ಮೊಬೈಲಿಗೆ ಮೂರು ಚಲನ್ ಬಂದವು. ಅದಕ್ಕೇ ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ಕ್ಯಾಮೆರಾ ಇರುವ ಕಡೆ ಮೊದಲು ಬೋರ್ಡ್ ಹಾಕಿಸಿ. ಸ್ಪೀಡ್ ಲಿಮಿಟ್ ಬದಲಾದರೆ ಬೋರ್ಡೂ ಅವತ್ತೇ ಬದಲಾಗಲಿ.

ಕ್ಯಾಮೆರಾನೇ ಬೇಡ ಅನ್ನುವವರಲ್ಲಿ ನಾನಿಲ್ಲ. 2023ರ ಮಾರ್ಚ್‌ನಲ್ಲಿ ಈ ರಸ್ತೆ ಉದ್ಘಾಟನೆ ಆದ ಹೊಸದರಲ್ಲಿ ಏನೇನು ನಡೆಯುತ್ತಿತ್ತು ಅಂತ ಕಣ್ಣಾರೆ ಕಂಡಿದ್ದೇನೆ. ಹೊಸ ಕಾರು ತಗೊಂಡವರೆಲ್ಲ ಟೆಸ್ಟ್ ಮಾಡಲಿಕ್ಕೆ ಇಲ್ಲಿಗೇ ಬರುತ್ತಿದ್ದರು. ನಾನು ಎಡಗಡೆ ನನ್ನ ಪಾಡಿಗೆ ಹೋಗುತ್ತಿದ್ದರೆ ಪಕ್ಕದಲ್ಲಿ ಹೋದ ಗಾಡಿಯ ಗಾಳಿಗೆ ನನ್ನ ಗಾಡಿ ಅಲ್ಲಾಡುತ್ತಿತ್ತು. ಆ ವರ್ಷದ ಮೊದಲ ಕೆಲವೇ ತಿಂಗಳಲ್ಲಿ ನೂರಕ್ಕೂ ಜಾಸ್ತಿ ಜನ ಇದೇ ರಸ್ತೆಯಲ್ಲಿ ಜೀವ ಬಿಟ್ಟರು. ಆಮೇಲೆ 100ರ ಮಿತಿಯನ್ನು ಬಿಗಿ ಮಾಡಿದರು. ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್ ಎಲ್ಲ ಸರ್ವಿಸ್ ರಸ್ತೆಗೆ ಹೋದವು. 2024ರಲ್ಲಿ ಕ್ಯಾಮೆರಾಗಳೂ ಬಂದವು. ಒಳ್ಳೆಯದೇ ಆಯಿತು. ಮನೆಯಲ್ಲಿ ನನ್ನ ಹೆಂಡತಿ ಈಗ ರಾತ್ರಿ ಹನ್ನೆರಡಕ್ಕೆ ಎದ್ದು ಫೋನ್ ಮಾಡುವುದಿಲ್ಲ.

ಏರ್‌ಪೋರ್ಟಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕಾಯುವಾಗ ನಮ್ಮ ಡ್ರೈವರ್‌ಗಳಲ್ಲಿ ಇದೇ ಮಾತು. ದುಡ್ಡು ಮಾಡಲಿಕ್ಕೆ ಇಟ್ಟಿದ್ದಾರೆ ಅಂತ ಒಬ್ಬ. ಕ್ಯಾಮೆರಾ ಕಂಡಾಗ ಬ್ರೇಕ್ ಒತ್ತಿ, ದಾಟಿದ ಮೇಲೆ ಮತ್ತೆ ಸ್ಪೀಡ್ ಎತ್ತಿದರಾಯಿತು ಅಂತ ಇನ್ನೊಬ್ಬ. (ಈ ಎರಡನೆಯವನಿಗೆ ನಾನು ಬೈದಿದ್ದೇನೆ. ಹಿಂದೆ ಬರುವವನ ಗತಿ ಏನಾಗಬೇಕು?) ಆದರೆ ಬೋರ್ಡಿನ ವಿಷಯ ಬಂದರೆ ಎಲ್ಲರದೂ ಒಂದೇ ಮಾತು. ಎಷ್ಟರಲ್ಲಿ ಹೋಗಬೇಕು ಅಂತ ಹೇಳಿ, ಆಮೇಲೆ ಹಿಡಿಯಿರಿ.

ಈಗ ನನ್ನ ಮೂರು ಚಲನ್ ಕಥೆಗೆ ಬರುತ್ತೇನೆ.

ನನ್ನ ಗಾಡಿಗೆ 80ಕ್ಕೆ ಸ್ಪೀಡ್ ಗವರ್ನರ್, ಅಂದರೆ ವೇಗ ತಡೆಯುವ ಯಂತ್ರ ಕೂರಿಸಿದ್ದಾರೆ. ಅದಿಲ್ಲದೆ ಎಫ್‌ಸಿ (ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್) ಆಗುವುದಿಲ್ಲ, ನಿಮಗೆ ಗೊತ್ತೇ ಇದೆ. ಹಿಂದಿನ ಸೀಟಿನವರು "ಅಣ್ಣಾ, ಫ್ಲೈಟ್ ಮಿಸ್ಸಾಗುತ್ತೆ" ಅಂತ ಅತ್ತರೂ ಮುಳ್ಳು 80 ದಾಟುವುದಿಲ್ಲ. 100ರ ರಸ್ತೆಯಲ್ಲಿ ಓವರ್‌ಸ್ಪೀಡ್ ಮಾಡೋಣ ಅಂದರೂ ಆಗದ ಗಾಡಿ ಅದು. ಅಂಥ ಗಾಡಿಗೆ ಓವರ್‌ಸ್ಪೀಡ್ ಅಂತ ಮೂರು ಚಲನ್! ಒಂದರಲ್ಲಿ 78, ಒಂದರಲ್ಲಿ 74, ಇನ್ನೊಂದರಲ್ಲಿ 79. ಮೂರೂ ಒಂದೇ ಜಾಗದಲ್ಲಿ, ಒಂಬತ್ತು ದಿನದೊಳಗೆ. ಆ ಜಾಗದ ಮಿತಿ 40 ಅಂತೆ.

ಯಾವ 40? ಎಲ್ಲಿತ್ತು 40?

ಮುಂದಿನ ಟ್ರಿಪ್ಪಿನಲ್ಲಿ ಖಾಲಿ ಬರುವಾಗ ಅಲ್ಲಿ ಗಾಡಿ ಓರೆ ಮಾಡಿ ಇಳಿದು ನೋಡಿದೆ. ಹಿಂದೆ ಯಾವಾಗಲೋ ಅಲ್ಲಿ ಸೇತುವೆಯ ಜಾಯಿಂಟ್ ಕೆಲಸ ನಡೆದಿತ್ತು. ಕೆಲಸ ಮುಗಿದು ತಿಂಗಳುಗಳಾಗಿವೆ. ಆಗ ಇಟ್ಟಿದ್ದ ತಗಡಿನ ಬೋರ್ಡ್ ಮೀಡಿಯನ್ನಿನಲ್ಲಿ ಮಕಾಡೆ ಮಲಗಿತ್ತು. ಅದರ ಕಾಲಿಗೆ ಒತ್ತಿಟ್ಟಿದ್ದ ಮರಳಿನ ಚೀಲ ಹರಿದು, ಒಳಗಿಂದ ಗರಿಕೆ ಹುಲ್ಲು ಬಂದಿತ್ತು. ಬೋರ್ಡ್ ಮಗುಚಿ ನೋಡಿದರೆ 4 ಅರ್ಧ ಕೆರೆದು ಹೋಗಿದೆ, ಸೊನ್ನೆ ಮಾತ್ರ ಚೆನ್ನಾಗಿದೆ. ಫೋಟೋ ತೆಗೆಯುತ್ತಿದ್ದಂತೆ ಪೆಟ್ರೋಲಿಂಗ್ ಗಾಡಿ ಬಂತು. "ಇಲ್ಲಿ ಗಾಡಿ ನಿಲ್ಲಿಸೋ ಹಾಗಿಲ್ಲ, ಫೈನ್ ಬೀಳುತ್ತೆ ನಡೀರಿ" ಅಂದರು. ಹೊರಟೆ. ನಾಲ್ಕನೆಯದೂ ಯಾಕೆ ಅಂತ.

ಚಲನ್ ಬಂದದ್ದು ಕೂಡ ಮೊದಲ ಸಲ ಕ್ಯಾಮೆರಾಗೆ ಸಿಕ್ಕಿ 24 ದಿನ ಆದ ಮೇಲೆ. ಕೇಂದ್ರ ಮೋಟಾರು ವಾಹನ ನಿಯಮ 167ಎ ತಮಗೆ ಬಾಯಿಪಾಠ ಇರುತ್ತದೆ, ನಾನು ಹೇಳಬೇಕಾಗಿಲ್ಲ. 15 ದಿನದೊಳಗೆ ಚಲನ್ ಕಳಿಸಬೇಕು ಅಂತ ಇದೆಯಲ್ಲ ಅದರಲ್ಲಿ? ಕ್ಯಾಮೆರಾ ಇದೆ ಅಂತ ಮುಂಚೆಯೇ ಕಾಣುವ ಹಾಗೆ ಬೋರ್ಡ್ ಇರಬೇಕು ಅಂತಲೂ ಇದೆಯಲ್ಲ? ಮೊದಲನೆಯದು ಮಾರನೇ ದಿನವೇ ಗೊತ್ತಾಗಿದ್ದರೆ ಎರಡನೆಯದು, ಮೂರನೆಯದು ಬೀಳುತ್ತಲೇ ಇರಲಿಲ್ಲ. ಡೀಸೆಲ್, ಟೋಲ್, ಪಾರ್ಕಿಂಗ್ ಕಳೆದರೆ ಒಂದು ಟ್ರಿಪ್ಪಿಗೆ ನನ್ನ ಕೈಲಿ ಉಳಿಯುವುದು ಎಂಟುನೂರು, ಒಂಬೈನೂರು. ಮೂರು ಚಲನ್ ಸೇರಿ ಮೂರು ಸಾವಿರ ಅಂದರೆ ಮೂರೂವರೆ ಟ್ರಿಪ್. ರಾತ್ರಿ ಎರಡು ಗಂಟೆಗೆ ಎದ್ದು ಹೋದದ್ದೆಲ್ಲ ಸುಮ್ನೆ ಹೋಯಿತು. ಮಗಳ ಟ್ಯೂಷನ್ ಫೀಸು ಮುಂದಿನ ತಿಂಗಳಿಗೆ ಹೋಯಿತು. ಅರ್ಧ ದಂಡದ ರಿಯಾಯಿತಿ ಬರುವ ತನಕ ಕಾಯಿ ಅಂತ ಸ್ನೇಹಿತರು ಹೇಳುತ್ತಾರೆ. ಮಾಡದ ತಪ್ಪಿಗೆ ಅರ್ಧ ಮಾತ್ರ ಯಾಕೆ ಕಟ್ಟಬೇಕು, ಪೂರ್ತಿಯೇ ಕಟ್ಟುತ್ತೇನೆ ಬಿಡಿ, ಸರ್ಕಾರಕ್ಕೂ ಕಷ್ಟ ಇರುತ್ತದೆ.

ಎರಡು ಕಚೇರಿ ಅಲೆದೆ. ಒಂದು ಕಡೆ "ಕ್ಯಾಮೆರಾ ನಮ್ಮದು, ಬೋರ್ಡ್ ನಮ್ಮದಲ್ಲ" ಅಂದರು. ಇನ್ನೊಂದು ಕಡೆ "ಬೋರ್ಡ್ ನಮ್ಮದು, ಚಲನ್ ನಮ್ಮದಲ್ಲ" ಅಂದರು. ಹಾಗಾದರೆ ನಾನು ಯಾರವನು ಸ್ವಾಮಿ? ವೋಟು ನಿಮಗೇ ಹಾಕಿದ್ದು, ಅದಕ್ಕೆ ನಿಮ್ಮನ್ನೇ ಕೇಳುತ್ತಿದ್ದೇನೆ. ಕ್ಯಾಮೆರಾದವರನ್ನೂ ಬೋರ್ಡಿನವರನ್ನೂ ಒಂದೇ ಟೇಬಲ್ಲಿಗೆ ಕೂರಿಸಿ. ಕ್ಯಾಮೆರಾದೊಳಗೆ ಇರುವ ನಂಬರು, ರಸ್ತೆ ಮೇಲೆ ಇರುವ ನಂಬರು ಒಂದೇ ಇರಲಿ.

ಮಿತಿ ಬದಲಾಯಿಸಬೇಡಿ ಅಂತಲ್ಲ. ಬದಲಾಯಿಸಲೇಬೇಕು. ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಚಳಿಗಾಲದ ಮಂಜಿಗೆ ಕಾರುಗಳ ಮಿತಿಯನ್ನು 100ರಿಂದ 75ಕ್ಕೆ ಇಳಿಸುತ್ತಾರೆ. ನಮ್ಮಲ್ಲೂ ಮಳೆ ಬಂದರೆ 100 ಜಾಸ್ತಿಯೇ. ಉದ್ಘಾಟನೆ ಆಗಿ ವಾರ ಕಳೆಯುವುದರೊಳಗೆ ರಾಮನಗರದ ಹತ್ತಿರ ಸಂಗಬಸವನದೊಡ್ಡಿಯಲ್ಲಿ ರಸ್ತೆ ಕೆರೆಯಾಗಿದ್ದು ನೆನಪಿದೆಯಲ್ಲ? ಅಂಥ ದಿನ 60 ಅನ್ನಿ, ಒಪ್ಪುತ್ತೇವೆ. ಆದರೆ ಆ 60 ಕಣ್ಣಿಗೆ ಕಾಣಬೇಕು, ಮಳೆ ನಿಂತ ಮೇಲೆ ಹೋಗಬೇಕು. ಲೈಟ್ ಬೋರ್ಡಿನಲ್ಲಿ "ಶುಭ ಪ್ರಯಾಣ" ಅಂತ ಹಾಕುವ ಬದಲು ಅವತ್ತಿನ ಸ್ಪೀಡ್ ಹಾಕಿದರೆ ನಮ್ಮ ಪ್ರಯಾಣ ತಾನಾಗಿಯೇ ಶುಭವಾಗುತ್ತದೆ.

ನಿಮಗೆ ಇದೆಲ್ಲ ಗೊತ್ತಾಗದೇ ಇರಬಹುದು. ನಿಮ್ಮ ಗಾಡಿಗೆ ಟೋಲ್ ಇಲ್ಲ, ಮುಂದೆ ಸೈರನ್ ಇರುತ್ತದೆ. ಬೇಸರ ಮಾಡಿಕೊಳ್ಳಬೇಡಿ, ಬಾಯಿಗೆ ಬಂತು, ಬರೆದೆ.

ಚಲನ್ ಬಂದ ಮೇಲೆ ಒಂದು ಸಲ ಆ ಜಾಗದಲ್ಲಿ 40ರಲ್ಲೇ ಹೋದೆ. ಹಿಂದಿದ್ದ ಟಿಪ್ಪರ್‌ನವನು ಹಾರ್ನ್ ಒತ್ತಿ ಹಿಡಿದವನು ಬಿಡಲೇ ಇಲ್ಲ. ಕನ್ನಡಿ ತುಂಬ ಅವನ ಬಂಪರ್. ಹಿಂದಿನ ಸೀಟಿನ ಅಜ್ಜಿ "ಯಾಕಪ್ಪಾ, ಗಾಡಿ ಕೆಟ್ಟಿತಾ?" ಅಂತ ಕೇಳಿದರು.

ಬರುವ ಗುರುವಾರ ಬೆಳಗಿನ ಜಾವ ಮೂರಕ್ಕೆ ಮತ್ತೆ ಏರ್‌ಪೋರ್ಟ್ ಟ್ರಿಪ್ ಇದೆ. ಬೋರ್ಡ್ ಇನ್ನೂ ಮಲಗೇ ಇದೆ. 40ರಲ್ಲಿ ಹೋಗಲೋ, 80ರಲ್ಲಿ ಹೋಗಲೋ, ಅಷ್ಟರೊಳಗೆ ಹೇಳಿಸಿ.

ಇಂತಿ ತಮ್ಮ ವಿಶ್ವಾಸಿ,
ಮೈಸೂರಿನ ಒಬ್ಬ ಹಳದಿ ಬೋರ್ಡ್ ಡ್ರೈವರ್