ಮೌಂಟ್ ಮುರಿದರೆ ಮೌಂಟ್ ಒಂದನ್ನೇ ಬದಲಿಸಿ ಸುಮ್ಮನಾಗಬೇಡಿ

ಮಾನ್ಯ ಸಂಪಾದಕರೇ,

ಸ್ಪೋರ್ಟ್ಸ್ ಕಾರಿನ ಎಂಜಿನ್ ಶಕ್ತಿ ಹೆಚ್ಚಿಸಿಕೊಳ್ಳುವ ಬಗ್ಗೆ ನಿಮ್ಮ ವಾಹನ ಪುಟದಲ್ಲಿ ಬಂದ ಬರಹ ಓದಿದೆ. ಚೆನ್ನಾಗಿತ್ತು. ಟರ್ಬೊ ಬಂತು, ಟ್ಯೂನಿಂಗ್ ಬಂತು, ಅಗಲದ ಟೈರ್ ಬಂತು. ಆದರೆ ಹೆಚ್ಚಿಸಿಕೊಂಡ ಆ ಶಕ್ತಿ ರಸ್ತೆ ಮುಟ್ಟುವ ಮೊದಲು ಕಾರಿನ ಯಾವ ಯಾವ ಭಾಗದ ಮೇಲೆ ಬೀಳುತ್ತದೆ ಅನ್ನುವುದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಅದರಲ್ಲೂ ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರ್‌ಗಳ ಡಬ್ಬಿ, ಅಂದರೆ ಡಿಫರೆನ್ಷಿಯಲ್ (ಚಿಕ್ಕದಾಗಿ ಡಿಫ್), ಅದನ್ನು ಕಾರಿಗೆ ಕಟ್ಟಿ ಹಿಡಿಯುವ ಮೌಂಟ್ ಬಗ್ಗೆ ಹೇಳಲೆಂದೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನನ್ನದು ಎರಡೇ ಸೀಟಿನ, ಹಿಂದಿನ ಚಕ್ರಗಳಿಂದ ಓಡುವ ಹಳೆಯ ಕಾರು. ಒಂದು ದಿನ ಗೇರ್ ಹಾಕಿ ಕ್ಲಚ್ ಬಿಟ್ಟಾಗ ಹಿಂದಿನಿಂದ ಠಕ್ ಅಂತ ಸದ್ದು ಬಂತು. ಮೊದಲು ಒಂದೊಂದು ಸಲ. ಆಮೇಲೆ ಆಕ್ಸಿಲರೇಟರ್ ಒತ್ತಿದಾಗ ಒಂದು, ಕಾಲು ತೆಗೆದಾಗ ಇನ್ನೊಂದು. ರಿವರ್ಸ್ ಹಾಕಿದರಂತೂ ಡಿಕ್ಕಿಯಲ್ಲಿ ಯಾರೋ ಸುತ್ತಿಗೆಯಿಂದ ಹೊಡೆದ ಹಾಗೆ. ವರ್ಕ್‌ಶಾಪ್‌ನಲ್ಲಿ ಗೇರ್ ಬಾಕ್ಸ್ ಅಂದರು. ಇನ್ನೊಂದು ಕಡೆ ಗೇರ್ ಬಾಕ್ಸ್‌ನಿಂದ ಹಿಂದಕ್ಕೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್‌ನ ಜಾಯಿಂಟ್ ಹೋಗಿದೆ ಅಂದರು, ಅದನ್ನು ಬದಲಾಯಿಸಿದ್ದೂ ಆಯಿತು. ಸದ್ದು ಮಾತ್ರ ಹಾಗೇ ಇತ್ತು. ಕೊನೆಗೆ ಕಾರನ್ನು ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಟಾರ್ಚ್ ಹಿಡಿದು ನಾನೇ ಕೆಳಗೆ ಮಲಗಿ ನೋಡಿದೆ. ಡಿಫರೆನ್ಷಿಯಲ್ ಅನ್ನು ಕಾರಿನ ಬಾಡಿಯ ಜೊತೆ ಹಿಡಿದಿಡುವ ಮೌಂಟ್‌ನ ರಬ್ಬರ್ ಉದ್ದಕ್ಕೂ ಸೀಳಿತ್ತು. ಬೋಲ್ಟ್ ತೂತು ದುಂಡಗಿರಲಿಲ್ಲ, ಮೊಟ್ಟೆಯ ಆಕಾರಕ್ಕೆ ಸವೆದಿತ್ತು. ಬೋಲ್ಟ್ ಹೊರಗೆ ತೆಗೆದರೆ ಅದರ ಮೈಯ ಒಂದು ಬದಿ ತುಕ್ಕು, ಇನ್ನೊಂದು ಬದಿ ಕನ್ನಡಿಯ ಹಾಗೆ ಫಳಫಳ. ಎಷ್ಟು ತಿಂಗಳಿಂದ ಲೋಹಕ್ಕೆ ಲೋಹ ಉಜ್ಜುತ್ತಿತ್ತೋ!

ಆಗ ನಾನು ಮಾಡಿದ ತಪ್ಪೇ ಈ ಪತ್ರಕ್ಕೆ ಕಾರಣ. ರಬ್ಬರ್ ಮುರಿಯಿತು ಅಂದರೆ ರಬ್ಬರ್‌ಗೆ ತಾಕತ್ತು ಸಾಲದು ಅಂದುಕೊಂಡೆ. ಅದರ ಜಾಗಕ್ಕೆ ಸಿಕ್ಕಿದ್ದರಲ್ಲೇ ಗಟ್ಟಿಯಾದ ಪಾಲಿಯುರೆಥೇನ್ (ಒಂದು ಬಗೆಯ ಪ್ಲಾಸ್ಟಿಕ್) ಬುಶ್, ಅಂದರೆ ಬೋಲ್ಟ್ ಸುತ್ತ ಕೂರುವ ಮೆತ್ತೆ, ಹಾಕಿಸಿದೆ. ಸದ್ದು ನಿಂತಿತು, ಕಾರು ಚುರುಕಾಯಿತು, ಖುಷಿಯೂ ಆಯಿತು. ಕೆಲವು ತಿಂಗಳ ನಂತರ ಡಿಕ್ಕಿಯ ಕಾರ್ಪೆಟ್ ಎತ್ತಿದಾಗ ಎದೆ ಧಸಕ್ಕೆಂದಿತು. ಮೌಂಟ್ ಹಿಡಿದಿರುವ ಬ್ರಾಕೆಟ್‌ನ ಬುಡದಲ್ಲಿ, ಬಾಡಿಯ ತಗಡಿನಲ್ಲೇ ಬಿರುಕು. ತಗಡುಗಳನ್ನು ಚುಕ್ಕಿಯಂತೆ ಬೆಸೆದ ಮೂರು ಸ್ಪಾಟ್ ವೆಲ್ಡ್ ಕಿತ್ತು ಬಂದಿದ್ದವು. ಮೊದಲು ಬದಲಿಸಬಹುದಾದ ರಬ್ಬರ್ ತುಂಡು ಮುರಿದಿತ್ತು, ಈಗ ಬದಲಿಸಲಾಗದ ಕಾರಿನ ಬಾಡಿಯೇ ಮುರಿದಿತ್ತು.

ಯಾಕೆ ಹೀಗಾಗುತ್ತದೆ? ಚಕ್ರವನ್ನು ಮುಂದಕ್ಕೆ ತಿರುಗಿಸಲು ಡಿಫರೆನ್ಷಿಯಲ್ ಎಷ್ಟು ಬಲ ಹಾಕುತ್ತದೋ, ಅಷ್ಟೇ ಬಲ ಅದರ ಡಬ್ಬಿಯನ್ನು ಹಿಂದಕ್ಕೆ ತಿರುಗಿಸಲು ನೋಡುತ್ತದೆ. ಹಾಗಾಗಿ ವೇಗ ಹೆಚ್ಚಿಸುವಾಗ ಡಿಫ್‌ನ ಮೂತಿ, ಅಂದರೆ ಅದರ ಮುಂದಿನ ತುದಿ, ಮೇಲಕ್ಕೆ ಏಳುತ್ತದೆ, ಕಾಲು ತೆಗೆದಾಗ ಕೆಳಕ್ಕೆ ಬಗ್ಗುತ್ತದೆ. ಜೊತೆಗೆ ಪ್ರೊಪೆಲ್ಲರ್ ಶಾಫ್ಟ್‌ನ ತಿರುಚುವಿಕೆ ಡಬ್ಬಿಯನ್ನು ಪಕ್ಕಕ್ಕೂ ವಾಲಿಸುತ್ತದೆ. ಇದನ್ನೆಲ್ಲ ತಡೆದು ಹಿಡಿಯುವುದು ಮೂರೋ ನಾಲ್ಕೋ ಮೌಂಟ್ ಅಷ್ಟೇ.

ಒಂದು ಲೆಕ್ಕ ಹೇಳುತ್ತೇನೆ. ಬಿಎಂಡಬ್ಲ್ಯುವಿನ ಇ46 ಎಂ3 ಕಾರಿನ ಎಂಜಿನ್ ಟಾರ್ಕ್, ಅಂದರೆ ತಿರುಗಿಸುವ ಬಲ, 365 ನ್ಯೂಟನ್ ಮೀಟರ್. ಮೊದಲ ಗೇರ್ ಅದನ್ನು 4.23 ಪಟ್ಟು, ಡಿಫ್ ಮತ್ತೆ 3.62 ಪಟ್ಟು ಹೆಚ್ಚಿಸುತ್ತದೆ. ಮೂರನ್ನೂ ಗುಣಿಸಿದರೆ ಆಕ್ಸಲ್ ಹತ್ತಿರ ಸುಮಾರು 5,590 ನ್ಯೂಟನ್ ಮೀಟರ್ ಬರುತ್ತದೆ. ಮುಂದಿನ ಮೌಂಟ್‌ಗೂ ಹಿಂದಿನ ಮೌಂಟ್‌ಗೂ ಅರ್ಧ ಮೀಟರ್ ಅಂತರ ಅಂತ ಇಟ್ಟುಕೊಳ್ಳಿ. ಆಗ ಒಂದೊಂದು ಕಡೆ ಬೀಳುವ ಬಲ ಸುಮಾರು 11,000 ನ್ಯೂಟನ್, ಅಂದರೆ ಸಾವಿರ ಕಿಲೋಗೂ ಜಾಸ್ತಿ ತೂಕ ನೇತುಹಾಕಿದ ಹಾಗೆ. ಒಂದು ಸಣ್ಣ ಕಾರಿನಷ್ಟು ಭಾರವನ್ನು ಮುಷ್ಟಿಯಷ್ಟಿರುವ ರಬ್ಬರ್ ಹೊರಬೇಕು!

ನಿಜವಾಗಿ ಅಷ್ಟೂ ಬಲ ಬೀಳುವುದಿಲ್ಲ, ಯಾಕೆಂದರೆ ಮೊದಲು ಟೈರ್ ಜಾರುತ್ತದೆ. ಹಿಂದಿನ ಚಕ್ರಗಳ ಮೇಲೆ 900 ಕಿಲೋ ಭಾರವಿದ್ದು ಟೈರ್ ಸಾಧಾರಣದ್ದಾದರೆ ಸುಮಾರು 2,800 ನ್ಯೂಟನ್ ಮೀಟರ್ ದಾಟಿದ ಮೇಲೆ ಚಕ್ರ ಸುಮ್ನೆ ತಿರುಗುತ್ತದೆ. ಅಂದರೆ ಮೌಂಟ್‌ನ ಪ್ರಾಣ ಉಳಿಸುತ್ತಿರುವುದು ಟೈರ್. ಈಗ ಅಂಟುವ ಟೈರ್ ಹಾಕಿ, ಅಗಲವನ್ನೂ ಹೆಚ್ಚಿಸಿ, ಮೇಲಿಂದ ಎಂಜಿನ್ ಟ್ಯೂನ್ ಮಾಡಿಸಿದರೆ ಏನಾಗುತ್ತದೆ? ಜಾರಿ ತಪ್ಪಿಸಿಕೊಳ್ಳುತ್ತಿದ್ದ ಬಲವೆಲ್ಲ ಈಗ ನೇರವಾಗಿ ಮೌಂಟ್‌ಗೆ ಬರುತ್ತದೆ. ನಿಮ್ಮ ಬರಹದಲ್ಲಿ ಬಿಟ್ಟುಹೋದದ್ದು ಇದೇ. ಅಗಲದ ಟೈರ್ ಅಂದರೆ ಹಿಡಿತ ಮಾತ್ರ ಅಲ್ಲ, ಒಳಗಿನ ಪ್ರತಿಯೊಂದು ಜೋಡಣೆಗೂ ಹೆಚ್ಚಿನ ಹೊರೆ.

ಇದಕ್ಕಿಂತ ಕೆಟ್ಟದ್ದು ಚಕ್ರದ ಕುಣಿತ. ಎಂಜಿನ್ ಏರಿಸಿ ಕ್ಲಚ್ ಒಮ್ಮೆಲೇ ಬಿಟ್ಟಾಗ ಟೈರ್ ಹಿಡಿಯುತ್ತದೆ, ಬುಶ್‌ಗಳು ಸ್ಪ್ರಿಂಗ್ ಹಾಗೆ ತಿರುಚಿಕೊಳ್ಳುತ್ತವೆ, ಟೈರ್ ಜಾರುತ್ತದೆ, ತಿರುಚಿದ್ದು ಬಿಚ್ಚಿಕೊಳ್ಳುತ್ತದೆ, ಮತ್ತೆ ಹಿಡಿಯುತ್ತದೆ. ಒಂದೇ ಸೆಕೆಂಡಿನಲ್ಲಿ ಇದು ಹಲವು ಸಲ ಆಗುತ್ತದೆ. ಕಾರಿನ ಹಿಂಭಾಗ ಧಡಧಡ ಅಂತ ಹಾರುತ್ತದೆ. ಪ್ರತಿ ಸಲ ಟೈರ್ ಗಕ್ಕನೆ ಹಿಡಿದಾಗಲೂ ತಿರುಗುತ್ತಿದ್ದ ಚಕ್ರ, ಶಾಫ್ಟ್, ಫ್ಲೈವೀಲ್ ಇವುಗಳ ಓಟದ ಬಲವೆಲ್ಲ ಏಟಾಗಿ ಬೀಳುತ್ತದೆ. ನಾನು ಮೇಲೆ ಹಾಕಿದ ಲೆಕ್ಕದಲ್ಲಿ ಆ ಏಟು ಸೇರಿಲ್ಲ. ಆ ಕುಣಿತ ಶುರುವಾದರೆ ಮಾಡಬೇಕಾದ್ದು ಒಂದೇ, ತಕ್ಷಣ ಆಕ್ಸಿಲರೇಟರ್‌ನಿಂದ ಕಾಲು ತೆಗೆಯುವುದು. ಹೇಗೂ ಹೊರಟಿದ್ದೇನೆ ಅಂತ ಒತ್ತಿ ಹಿಡಿದವರೇ ಡಿಫ್ ಮುರಿದುಕೊಳ್ಳುವುದು.

ದೊಡ್ಡ ಕಂಪನಿಗಳೂ ಇದರ ಜೊತೆ ಹೆಣಗಿವೆ. ಕ್ಯಾಡಿಲಾಕ್ 2009ರ ಸಿಟಿಎಸ್-ವಿ ಕಾರಿನಲ್ಲಿ ಎಡ ಬಲ ಆಕ್ಸಲ್ ಶಾಫ್ಟ್‌ಗಳನ್ನು ಬೇರೆ ಬೇರೆ ದಪ್ಪಕ್ಕೆ ಮಾಡಿತು. ಎರಡೂ ಒಂದೇ ಲಯದಲ್ಲಿ ತಿರುಚಿಕೊಳ್ಳದಿದ್ದರೆ ಕುಣಿತ ಬೆಳೆಯುವುದಿಲ್ಲ ಅನ್ನುವ ಯೋಚನೆ ಅದು. ಮಾಜ್ದಾ 1989ರಲ್ಲಿ ಎಂಎಕ್ಸ್-5 ತಂದಾಗ ಗೇರ್ ಬಾಕ್ಸ್‌ನಿಂದ ಡಿಫ್‌ವರೆಗೆ ಒಂದು ಅಲ್ಯೂಮಿನಿಯಂ ಚೌಕಟ್ಟನ್ನೇ ಕೂರಿಸಿತು. ನನಗೆ ಇದು ತುಂಬಾ ಇಷ್ಟವಾದ ಉಪಾಯ. ಡಿಫ್ ಮೂತಿ ಎತ್ತಲು ನೋಡಿದರೆ ಆ ಉದ್ದನೆಯ ಚೌಕಟ್ಟು ಅದನ್ನು ತಡೆಯುತ್ತದೆ. ಕೈ ಉದ್ದವಾದಷ್ಟೂ ತಡೆಯಲು ಬೇಕಾಗುವ ಬಲ ಕಡಿಮೆ, ಉದ್ದ ಹಿಡಿಯ ಸ್ಪ್ಯಾನರ್‌ನಿಂದ ನಟ್ ಸುಲಭವಾಗಿ ಬಿಚ್ಚುತ್ತದಲ್ಲ, ಹಾಗೆ. 1997ರ ಕಾರ್ವೆಟ್ ಸಿ5ನಲ್ಲಿ ಗೇರ್ ಬಾಕ್ಸ್ ಅನ್ನೇ ಹಿಂದಕ್ಕೆ ಒಯ್ದು, ಎಂಜಿನ್‌ಗೂ ಅದಕ್ಕೂ ನಡುವೆ ದಪ್ಪ ಕೊಳವೆ ಕೂರಿಸಿದ್ದರಿಂದಲೂ ಇದೇ ಲಾಭ. ಆದರೆ ಚಿಕ್ಕ ಡಿಫ್ ಅನ್ನು ಚಿಕ್ಕ ಅಂತರದಲ್ಲಿ ಬಾಡಿಗೋ ಸಬ್‌ಫ್ರೇಮ್‌ಗೋ (ಬಾಡಿಯ ಕೆಳಗೆ ಕೂರಿಸಿದ ಬೇರೆ ಚೌಕಟ್ಟು) ಕಟ್ಟಿದ ಕಾರುಗಳಿಗೆ ಈ ಭಾಗ್ಯವಿಲ್ಲ. ಬಿಎಂಡಬ್ಲ್ಯುವಿನ ಇ46 ಕಾರುಗಳಲ್ಲಿ ಹಿಂದಿನ ಸಬ್‌ಫ್ರೇಮ್ ಕೂರುವ ತಗಡು ಬಿರುಕು ಬಿಡುವುದು, ಅದೇ ಕಂಪನಿಯ ಜೆಡ್3 ಕಾರಿನಲ್ಲಿ ಡಿಕ್ಕಿಯ ತಳದ ವೆಲ್ಡ್ ಕಿತ್ತು ಬರುವುದು, ಆ ಕಾರುಗಳನ್ನು ಇಟ್ಟುಕೊಂಡವರಿಗೆ ಚೆನ್ನಾಗಿ ಗೊತ್ತು.

ಹಾಗಾದರೆ ಸದ್ದು ಬಂದಾಗ ಏನು ಮಾಡಬೇಕು? ಮೊದಲು ನೋಡಬೇಕು, ಆಮೇಲೆ ಬಿಚ್ಚಬೇಕು. ಬರೀ ಜ್ಯಾಕ್ ಮೇಲೆ ನಿಂತ ಕಾರಿನ ಕೆಳಗೆ ಯಾರೂ ಹೋಗಬೇಡಿ, ಗಟ್ಟಿ ಸ್ಟ್ಯಾಂಡ್ ಇಟ್ಟು, ನೆಲದ ಮೇಲಿರುವ ಚಕ್ರಗಳಿಗೆ ಅಡ್ಡ ಕೊಟ್ಟೇ ಹೋಗಿ. ಉದ್ದನೆಯ ಕಬ್ಬಿಣದ ರಾಡನ್ನು ಡಿಫ್ ಮತ್ತು ಸಬ್‌ಫ್ರೇಮ್ ನಡುವೆ ಇಟ್ಟು ಮೆಲ್ಲಗೆ ಮೀಟಿದರೆ ರಬ್ಬರ್ ಸೀಳು ಬಾಯಿ ಬಿಡುತ್ತದೆ. ನನಗೆ ಇದಕ್ಕಿಂತ ಉಪಯೋಗಕ್ಕೆ ಬಂದದ್ದು ಒಂದು ಚಿಕ್ಕ ಕ್ಯಾಮೆರಾ. ಅದನ್ನು ಡಿಫ್ ಕಾಣುವ ಹಾಗೆ ಕೆಳಗೆ ಭದ್ರವಾಗಿ ಕಟ್ಟಿ, ಖಾಲಿ ಜಾಗದಲ್ಲಿ ನಿಧಾನಕ್ಕೆ ಮುಂದೆ ಹಿಂದೆ ಓಡಿಸಿದೆ. ವಿಡಿಯೊದಲ್ಲಿ ಡಿಫ್‌ನ ಮೂತಿ ಪ್ರತಿ ಸಲವೂ ಎದ್ದು ಬೀಳುವುದು ಕಣ್ಣಿಗೆ ಹೊಡೆದ ಹಾಗೆ ಕಾಣಿಸಿತು. ಕೆಲವು ಮಿಲಿಮೀಟರ್ ಅಲುಗುವುದು ಸಹಜ. ಹೆಬ್ಬೆರಳಿನ ಅಗಲದಷ್ಟು ಎದ್ದರೆ ಮೌಂಟ್ ಹೋಗಿದೆ ಅಂತಲೇ ಲೆಕ್ಕ. ಗೇರ್ ಬಾಕ್ಸ್ ಇಳಿಸುವ ಮೊದಲು ಈ ಎರಡು ನಿಮಿಷದ ವಿಡಿಯೊ ತೆಗೆದಿದ್ದರೆ ಎಷ್ಟೋ ಸುಮ್ಮನೆ ಆದ ಖರ್ಚು ಉಳಿಯುತ್ತಿತ್ತು ಅಲ್ವಾ?

ಡಿಕ್ಕಿಯ ಕಾರ್ಪೆಟ್ ಎತ್ತುವುದನ್ನು ಮಾತ್ರ ಯಾರೂ ಮರೆಯಬೇಡಿ. ಬಣ್ಣ ಗೆರೆಯಾಗಿ ಬಿರಿದಿದ್ದರೆ, ಆ ಗೆರೆಯ ಉದ್ದಕ್ಕೂ ತುಕ್ಕಿನ ಪುಡಿ ಇದ್ದರೆ ಅದರ ಕೆಳಗೆ ತಗಡು ಅಲುಗುತ್ತಿದೆ ಅಂತ ಅರ್ಥ. ಮೌಂಟ್ ಮೇಲೆ ಎಣ್ಣೆ ಜಿಡ್ಡು ಇದೆಯಾ ಅಂತಲೂ ನೋಡಿ. ಡಿಫ್‌ನ ಸೀಲ್ ಸೋರಿದರೆ ಎಣ್ಣೆ ಕುಡಿದ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ಸೀಲ್ ಸರಿಮಾಡದೆ ಹೊಸ ಮೌಂಟ್ ಹಾಕಿದರೆ ಅದಕ್ಕೂ ಅದೇ ಗತಿ.

ಇದನ್ನು ಹಾಗೇ ಬಿಟ್ಟು ಓಡಿಸುವವರಿಗೆ ಕೈಮುಗಿದು ಹೇಳುತ್ತೇನೆ, ಇದು ಬರೀ ಸದ್ದಿನ ವಿಷಯ ಅಲ್ಲ. ಡಿಫ್ ಎದ್ದು ಬಿದ್ದಾಗಲೆಲ್ಲ ಪ್ರೊಪೆಲ್ಲರ್ ಶಾಫ್ಟ್‌ನ ಕೋನ ಬದಲಾಗುತ್ತದೆ, ಅದರ ಜಾಯಿಂಟ್ ಮತ್ತು ನಡುವಿನ ಬೇರಿಂಗ್ ಹಾಳಾಗುತ್ತವೆ. ಆಕ್ಸಲ್ ಶಾಫ್ಟ್‌ಗಳ ಸಿವಿ ಜಾಯಿಂಟ್‌ಗಳೂ (ಬಾಗಿದಾಗಲೂ ತಿರುಗುವ ಕೀಲುಗಳು) ಬೇಗ ಸವೆಯುತ್ತವೆ. ಡಿಫ್‌ನ ಅಲ್ಯೂಮಿನಿಯಂ ಮುಚ್ಚಳದಲ್ಲಿ ಮೌಂಟ್ ಕೂರುವ ಕಿವಿ ಮುರಿದು ಮುಚ್ಚಳವೇ ಸೀಳಿದರೆ ಡಿಫ್ ಎಣ್ಣೆ ಚೆಲ್ಲುವುದು ಎಲ್ಲಿಗೆ? ಹಿಂದಿನ ಟೈರ್‌ಗಳ ಪಕ್ಕದಲ್ಲೇ. ತಿರುವಿನಲ್ಲಿ ಹಾಗಾದರೆ ಗತಿ ಏನು?

ಇನ್ನು ಯಾವ ಮೌಂಟ್ ಹಾಕಬೇಕು ಅನ್ನುವ ಪ್ರಶ್ನೆ. ದಿನಾ ರಸ್ತೆಯಲ್ಲಿ ಓಡುವ ಕಾರಿಗೆ ಕಂಪನಿಯ ಹೊಸ ರಬ್ಬರ್ ಸಾಕು ಅಂತ ನನ್ನ ಖಚಿತ ಅಭಿಪ್ರಾಯ. ರಬ್ಬರ್ ಏಟನ್ನು ನುಂಗುತ್ತದೆ, ತಾನು ಸವೆದು ಬಾಡಿಯನ್ನು ಉಳಿಸುತ್ತದೆ. ಅದರ ಕೆಲಸವೇ ಅದು. ಸ್ವಲ್ಪ ಗಟ್ಟಿ ಬೇಕೆಂದರೆ ಪಾಲಿಯುರೆಥೇನ್‌ನಲ್ಲೂ ಮೆತ್ತನೆಯದು ಸಿಗುತ್ತದೆ, ಗಡಸುತನವನ್ನು ಶೋರ್ ಎ ಅಳತೆಯಲ್ಲಿ ಬರೆದಿರುತ್ತಾರೆ, ಕೇಳಿ ನೋಡಿ ತೆಗೆದುಕೊಳ್ಳಿ. ಕೆಲವರು ಬಣ್ಣ ನೋಡಿ ಕೊಳ್ಳುತ್ತಾರೆ, ಅದು ಬೇಡ. ಗಟ್ಟಿ ಅಲ್ಯೂಮಿನಿಯಂ ಮೌಂಟ್ ರೇಸ್ ಟ್ರ್ಯಾಕ್‌ಗೆಂದೇ ಇಟ್ಟ, ಬಾಡಿಯನ್ನು ಬಲಪಡಿಸಿದ ಕಾರಿಗೆ ಮಾತ್ರ ಸರಿ. ರಸ್ತೆ ಕಾರಿನಲ್ಲಿ ಅದನ್ನು ಹಾಕಿದರೆ ಡಿಫ್‌ನ ಹಲ್ಲುಗಳ ಕೊರೆಯುವ ಸದ್ದು ಸೀಟಿನವರೆಗೂ ಬರುತ್ತದೆ, ಮತ್ತು ಏಟು ಎಲ್ಲೂ ಕರಗದೆ ವೆಲ್ಡ್‌ಗಳ ಮೇಲೆ ಬೀಳುತ್ತದೆ. ಇನ್ನೊಂದು ಮಾತು. ಒಂದು ಮೌಂಟ್ ಗಟ್ಟಿ, ಉಳಿದವು ಹಳೆಯ ಮೆತ್ತನೆಯವು ಅಂತಾದರೆ ಹೊರೆಯೆಲ್ಲ ಗಟ್ಟಿಯಾದದ್ದರ ಮೇಲೇ ಕೂರುತ್ತದೆ. ನನ್ನ ಕಾರಿನಲ್ಲಿ ಆದದ್ದು ಸರಿಯಾಗಿ ಇದೇ. ಬದಲಿಸಿದರೆ ಎಲ್ಲವನ್ನೂ ಒಟ್ಟಿಗೆ, ಸಬ್‌ಫ್ರೇಮ್ ಬುಶ್‌ಗಳನ್ನೂ ನೋಡಿಯೇ ಬದಲಿಸಿ. ಬೋಲ್ಟ್‌ಗಳು ಹೊಸದಾಗಿರಲಿ, ಕಂಪನಿ ಹೇಳಿದ ಬಿಗಿತಕ್ಕೆ ಟಾರ್ಕ್ ರೆಂಚ್‌ನಿಂದಲೇ ಬಿಗಿಯಲಿ.

ತಗಡು ಬಿರಿದಿದ್ದರೆ ಮೇಲೆ ಒಂದು ಪಟ್ಟಿ ಇಟ್ಟು ವೆಲ್ಡ್ ಮಾಡಿ ಕಳಿಸುವವರನ್ನು ನಂಬಬೇಡಿ. ಬಿರುಕಿನ ಎರಡೂ ತುದಿಗೆ ಸಣ್ಣ ತೂತು ಕೊರೆಯಬೇಕು, ಇಲ್ಲದಿದ್ದರೆ ಅದು ವೆಲ್ಡ್ ದಾಟಿ ಮುಂದಕ್ಕೆ ಓಡುತ್ತದೆ. ಬಿರುಕನ್ನು ಮೊದಲು ಬೆಸೆದು, ಆಮೇಲೆ ಹೊರೆ ಅಗಲಕ್ಕೆ ಹರಡುವ ಹಾಗೆ ದೊಡ್ಡ ಪ್ಲೇಟ್ ಕೂರಿಸಬೇಕು. ಬ್ಯಾಟರಿ ಬಿಚ್ಚಿರಬೇಕು. ಪೆಟ್ರೋಲ್ ಟ್ಯಾಂಕ್ ಅಲ್ಲೇ ಹತ್ತಿರ ಇರುತ್ತದೆ, ಅದನ್ನು ಇಳಿಸದೆ ವೆಲ್ಡಿಂಗ್ ಕಿಡಿ ಹಾರಿಸುವುದು ಹುಚ್ಚು ಸಾಹಸ. ಮುರಿದ ಅಲ್ಯೂಮಿನಿಯಂ ಕಿವಿಯನ್ನು ಬೆಸೆಯಲು ಹೋಗಬೇಡಿ, ವರ್ಷಗಟ್ಟಲೆ ಎಣ್ಣೆ ಕುಡಿದ ಎರಕದ ಲೋಹ ವೆಲ್ಡ್ ಸರಿಯಾಗಿ ಹಿಡಿಯುವುದಿಲ್ಲ. ಮುಚ್ಚಳವನ್ನೇ ಬದಲಿಸಿ.

ಓಡಿಸುವ ರೀತಿಯೂ ಅಷ್ಟೇ ಮುಖ್ಯ. ನಾನು ಈಗ ಹೊರಡುವಾಗ ಕ್ಲಚ್ ಪೆಡಲ್ ಪೂರ್ತಿ ಬಿಟ್ಟ ಮೇಲೆ ಆಕ್ಸಿಲರೇಟರ್ ಒತ್ತುತ್ತೇನೆ. ಗೇರ್ ಇಳಿಸುವಾಗ ಎಂಜಿನ್ ವೇಗ ಸ್ವಲ್ಪ ಏರಿಸಿ ಹೊಂದಿಸುತ್ತೇನೆ. ಒದ್ದೆ ರಸ್ತೆಯಲ್ಲಿ ಚಕ್ರ ಜಾರಿದಾಗ ಒಣ ಜಾಗ ಬರುವ ಮೊದಲೇ ಕಾಲು ಎತ್ತುತ್ತೇನೆ, ಯಾಕೆಂದರೆ ಗಿರ್ರನೆ ತಿರುಗುವ ಚಕ್ರ ಒಣ ನೆಲಕ್ಕೆ ಕಚ್ಚಿದರೆ ಬೀಳುವ ಏಟು ತುಂಬಾ ಕೆಟ್ಟದ್ದು.

ಸಂಪಾದಕರೇ, ನನ್ನ ಕೋರಿಕೆ ಇಷ್ಟು. ಇನ್ನು ಮುಂದೆ ಶಕ್ತಿ ಹೆಚ್ಚಿಸುವ ಬಗ್ಗೆ ಬರೆದಾಗ ಕ್ಲಚ್, ಮೌಂಟ್, ಆಕ್ಸಲ್, ಬಾಡಿ ಇವುಗಳ ಪರೀಕ್ಷೆಯ ಬಗ್ಗೆಯೂ ಅದೇ ಪುಟದಲ್ಲಿ ಬರೆಯಿರಿ. ವರ್ಕ್‌ಶಾಪ್‌ನವರು ತೆಗೆದ ಹಳೆಯ ಮೌಂಟ್ ಅನ್ನು ಮಾಲೀಕರ ಕೈಗೆ ಕೊಟ್ಟು ತೋರಿಸಲಿ. ಬಾಡಿ ನೋಡದೆ ಗಟ್ಟಿ ಬುಶ್ ಹಾಕುವುದಿಲ್ಲ ಅಂತ ಹೇಳುವ ಧೈರ್ಯ ಮಾಡಲಿ. ನನಗೆ ಅಂದು ಯಾರಾದರೂ ಹಾಗೆ ಹೇಳಿದ್ದರೆ ಒಂದು ಒಳ್ಳೆಯ ಕಾರಿನ ತಳ ಸೀಳುತ್ತಿರಲಿಲ್ಲ.

ಮುರಿದ ಬ್ರಾಕೆಟ್‌ನ ಫೋಟೊ ಜೊತೆಗೆ ಇಟ್ಟಿದ್ದೇನೆ. ಎಡಗಡೆಯ ವೆಲ್ಡ್ ಪಕ್ಕ ಕೂದಲೆಳೆಯಂತೆ ಕಾಣುವ ಗೆರೆಯೇ ಬಿರುಕು. ಜಾಗ ಇದ್ದರೆ ದೊಡ್ಡದಾಗಿ ಹಾಕಿ, ಸಣ್ಣದಾದರೆ ಅದು ಕಾಣುವುದಿಲ್ಲ.

ಇಂತಿ,
ನಿಮ್ಮ ಓದುಗ