ಬಾಲ ಇಲ್ಲದ ಇಲಿ ತಗೊಳ್ಳೋ ಮುಂಚೆ

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪುರವಣೀಲಿ ಕಂಪ್ಯೂಟರ್ ಮೌಸ್ ಬಗ್ಗೆ ಒಂದು ಬರಹ ಬಂದಿತ್ತು. ವೈರ್ ಇರೋ ಮೌಸ್ ಕಾಲ ಮುಗೀತು, ಇನ್ನೇನಿದ್ರೂ ವೈರ್‌ಲೆಸ್ಸೇ ಅನ್ನೋ ಧಾಟೀಲಿ. ಬರಹ ಚೆನ್ನಾಗೇ ಇತ್ತು, ಬರೆದವರ ಮೇಲೆ ನಂಗೇನೂ ಕೋಪ ಇಲ್ಲ, ಆದ್ರೆ ಅವ್ರು ದಿನಕ್ಕೆ ಎಷ್ಟು ಹೊತ್ತು ಮೌಸ್ ಹಿಡೀತಾರೆ ಅನ್ನೋ ಅನುಮಾನ ಮಾತ್ರ ಬಂತು. ನಾನು ಪುಟ ವಿನ್ಯಾಸದ ಕೆಲಸ ಮಾಡೋನು. ಹದಿನೆಂಟು ವರ್ಷದಿಂದ ದಿನಕ್ಕೆ ಎಂಟೊಂಬತ್ತು ಗಂಟೆ ನನ್ನ ಬಲಗೈ ಇರೋದೇ ಮೌಸ್ ಮೇಲೆ, ಎರಡೂ ಜಾತಿ ಮೌಸ್ ತಿಕ್ಕಿ ತಿಕ್ಕಿ ಸವೆಸಿದ್ದೀನಿ, ಅದಕ್ಕೇ ಒಂದು ಮಾತು ಹೇಳೋಣ ಅಂತ ಬರೀತಿದ್ದೀನಿ.

ಎಲ್ಲರೂ ಕೇಳೋದು ಒಂದೇ ಪ್ರಶ್ನೆ, ಯಾವುದು ಫಾಸ್ಟು ಅಂತ. ನನ್ನ ಲೆಕ್ಕದಲ್ಲಿ ಆ ಪ್ರಶ್ನೆಗೆ ಈಗ ಅರ್ಥಾನೇ ಇಲ್ಲ. ಕೇಳಬೇಕಾದ್ದು ಏನು ಅಂದ್ರೆ, ಕೈ ಕೊಟ್ಟಾಗ ಯಾಕೆ ಕೈ ಕೊಡ್ತು ಅಂತ ನಿಮಗೆ ಗೊತ್ತಾಗುತ್ತಾ? ವೈರ್ ಇರೋದು ಕೆಟ್ರೆ ಕಣ್ಣೆದುರೇ ಕೆಡುತ್ತೆ. ವೈರ್‌ಲೆಸ್ ಕೆಟ್ರೆ ಅದು ಬ್ಯಾಟರೀನೋ, ರಿಸೀವರ್ರೋ, ಟೇಬಲ್ಲೋ, ಪಕ್ಕದಲ್ಲಿರೋ ಇನ್ಯಾವುದೋ ಸಾಮಾನೋ, ಹುಡುಕ್ತಾ ಕೂರಬೇಕು.

ನನಗಾದದ್ದೇ ಹೇಳ್ತೀನಿ. ಒಂದು ಸಲ ಹೊಸ ವೈರ್‌ಲೆಸ್ ಮೌಸ್ ತಗೊಂಡೆ, ಯುಎಸ್‌ಬಿಗೆ ಚುಚ್ಚೋ ಚಿಕ್ಕ ರಿಸೀವರ್ ಇರುತ್ತಲ್ಲ, ಆ ಥರದ್ದು. ಎರಡು ತಿಂಗಳು ಹೂವಿನ ಥರ ಇತ್ತು. ಆಮೇಲೆ ಒಂದು ದಿನ ಸಂಜೆ, ಪುಟ ಕಳಿಸೋ ಹೊತ್ತು, ಫೋಟೋ ಒಂದನ್ನ ಹಿಡ್ಕೊಂಡು ಮೂರನೇ ಕಾಲಮ್ಮಿಗೆ ಎಳೀತಿದ್ದೀನಿ, ಪಾಯಿಂಟರ್ ಮಧ್ಯದಲ್ಲಿ ನಿಂತೇಬಿಡ್ತು. ಕೈ ಮುಂದಕ್ಕೆ ಹೋಗ್ತಿದೆ, ಸ್ಕ್ರೀನಲ್ಲಿ ಏನೂ ಇಲ್ಲ, ಅರೆಗಳಿಗೆ ಬಿಟ್ಟು ಜಿಂಕೆ ಥರ ಜಿಗಿದು ಫೋಟೋ ಹೋಗಿ ಹೆಡ್‌ಲೈನ್ ಮೇಲೆ ಕೂತ್ಕೊಳ್ತು. ಸರಿ, ಬ್ಯಾಟರಿ ಅಂದ್ಕೊಂಡು ಹೊಸದು ಹಾಕ್ದೆ. ಅದೇ ಕಥೆ. ಮೌಸ್‌ಪ್ಯಾಡ್ ಬದಲಾಯಿಸ್ದೆ, ಕೆಳಗಿನ ಸೆನ್ಸರ್ ತೂತಿಗೆ ಊದಿ ಒರೆಸ್ದೆ, ಡ್ರೈವರ್ ತೆಗೆದು ಮತ್ತೆ ಹಾಕ್ದೆ, ಕಂಪ್ಯೂಟರ್ ಐದು ಸಲ ರೀಸ್ಟಾರ್ಟ್ ಮಾಡ್ದೆ. ಪಕ್ಕದ ಸೀಟಿನವರು ಬಂದು ಮೌಸನ್ನ ಎರಡು ಸಲ ಟೇಬಲ್ ಮೇಲೆ ಕುಟ್ಟಿ ಹೋದ್ರು, ಅವರ ಪ್ರಕಾರ ಎಲ್ಲದಕ್ಕೂ ಅದೇ ರಿಪೇರಿ. ವಿಚಿತ್ರ ಏನಂದ್ರೆ ಬೆಳಿಗ್ಗೆ ಹೊತ್ತು ಸರಿಯಾಗೇ ಇರೋದು, ಸಂಜೆ ಮಾತ್ರ ಹಿಂಗಾಡೋದು.

ಮೂರು ದಿನ ಆದ್ಮೇಲೆ ಹೊಳೀತು, ಸಂಜೆ ನಾನು ಬ್ಯಾಕಪ್ಪಿಗೆ ಅಂತ ಹೊರಗಿನ ಹಾರ್ಡ್ ಡಿಸ್ಕ್ ಹಾಕ್ತೀನಿ, ರಿಸೀವರ್ ಪಕ್ಕದ ತೂತಿಗೇ. ಕಿತ್ತೆ, ಮೌಸ್ ಸರಿ ಹೋಯ್ತು. ಮತ್ತೆ ಹಾಕ್ದೆ, ಮತ್ತೆ ಶುರು. ಆಮೇಲೆ ಓದಿದಾಗ ಗೊತ್ತಾಯ್ತು, ಇದು ನನ್ನ ಭ್ರಮೆ ಅಲ್ಲ, ಇಂಟೆಲ್ ಕಂಪನೀನೇ 2012ರಲ್ಲಿ ಇದರ ಬಗ್ಗೆ ಬರೆದಿದೆ. ಯುಎಸ್‌ಬಿ 3.0 ಅಂದ್ರೆ ನನ್ನ ಹಾರ್ಡ್ ಡಿಸ್ಕ್ ಥರದವು ಬಳಸೋ ವೇಗದ ಯುಎಸ್‌ಬಿ, ಅದು ಸೆಕೆಂಡಿಗೆ 5 ಗಿಗಾಬಿಟ್ ವೇಗದಲ್ಲಿ ಡೇಟಾ ಕಳಿಸುವಾಗ ಕೇಬಲ್ಲಿಂದ, ಕನೆಕ್ಟರಿಂದ ರೇಡಿಯೋ ಗದ್ದಲ ಹೊರಗೆ ಸೋರುತ್ತೆ, ಆ ಗದ್ದಲ 2.4 ಗಿಗಾಹರ್ಟ್ಸ್ ಅನ್ನೋ ರೇಡಿಯೋ ಪಟ್ಟಿಗೂ ಹರಡುತ್ತೆ, ವೈರ್‌ಲೆಸ್ ಮೌಸ್ ಮಾತಾಡೋದೂ ಅಲ್ಲೇ. ಬ್ಲೂಟೂತ್ ಅಲ್ಲೇ, ವೈಫೈ ಅರ್ಧ ಅಲ್ಲೇ, ಮೈಕ್ರೋವೇವ್ ಒಲೆ ಕೂಡ ಅಲ್ಲೇ. ಸಂತೆ ಮಧ್ಯದಲ್ಲಿ ಪಿಸುಗುಟ್ಟಿದ ಹಾಗೆ ನಮ್ಮ ಮೌಸ್ ಪಾಡು. ಪರಿಹಾರ ಮಾತ್ರ ತೀರಾ ಸಣ್ಣದು, ಒಂದು ಯುಎಸ್‌ಬಿ ಎಕ್ಸ್‌ಟೆನ್ಷನ್ ಕೇಬಲ್ ಹಾಕಿ ರಿಸೀವರನ್ನ ಎರಡು ಗೇಣು ಆಚೆ ಮೌಸ್ ಹತ್ತಿರಾನೇ ಇಟ್ಟೆ, ಮತ್ತೆ ಒಂದು ಸಲಾನೂ ಜಿಗೀಲಿಲ್ಲ. ವೈರ್ ಬೇಡ ಅಂತ ತಗೊಂಡ ಮೌಸಿಗೆ ವೈರ್ ಹಾಕಿದ ಹಾಗಾಯ್ತು, ಅದು ಬೇರೆ ಮಾತು.

ಕಂಪ್ಯೂಟರ್ ಡಬ್ಬ ಟೇಬಲ್ ಕೆಳಗೆ, ರಿಸೀವರ್ ಅದರ ಬೆನ್ನಿಗೆ, ಹಿಂದ್ಗಡೆ ಗೋಡೆ, ಹೀಗೆ ಇಟ್ಕೊಂಡು ಮೌಸ್ ಸರಿಯಿಲ್ಲ ಅಂತ ಬೈಯೋರನ್ನೂ ನೋಡಿದ್ದೀನಿ. ಮೌಸ್ ಬರೋ ಡಬ್ಬಿ ಮೇಲೆ ಹತ್ತು ಮೀಟರ್ ಅಂತ ಬರೆದಿರ್ತಾರೆ ನಿಜ, ಅದು ಮಧ್ಯ ಏನೂ ಅಡ್ಡ ಇಲ್ದಾಗ. ಕಬ್ಬಿಣದ ಡಬ್ಬ, ನಮ್ಮ ಕಾಲು, ಎಲ್ಲ ದಾಟಿ ಸಿಗ್ನಲ್ ಹೋಗಬೇಕು ಅಂದ್ರೆ ಅದೂ ಏನ್ ಮಾಡೀತು. ಮುಂದಿನ ಪೋರ್ಟಿಗೆ ಹಾಕಿ ಸ್ವಾಮಿ.

ಈಗ ವೈರ್ ಇರೋದರ ಕಾಯಿಲೆ. ಅದಕ್ಕೆ ಕಾಯಿಲೆ ಇಲ್ಲ ಅಂತ ಅಲ್ಲ. ಕೇಬಲ್ ಮೌಸಿಂದ ಹೊರಗೆ ಬರೋ ಕತ್ತಿನ ಹತ್ರ ಬಗ್ಗಿ ಬಗ್ಗಿ ಒಳಗಿನ ಎಳೆ ತುಂಡಾಗುತ್ತೆ, ಆಮೇಲೆ ಒಂದು ಕೋನದಲ್ಲಿ ಹಿಡಿದ್ರೆ ನಡೆಯುತ್ತೆ, ಇನ್ನೊಂದು ಕೋನದಲ್ಲಿ ಕೆಂಪು ದೀಪ ಆರಿಹೋಗುತ್ತೆ. ನಾನೇ ಒಂದು ತಿಂಗಳು ಕೇಬಲ್ಲನ್ನ ಎಡಕ್ಕೆ ಬಗ್ಗಿಸಿ ಟೇಪ್ ಸುತ್ತಿ ಓಡಿಸಿದ್ದೀನಿ. ಆದ್ರೆ ನೋಡಿ, ಒಂದು ನಿಮಿಷದಲ್ಲಿ ಗೊತ್ತಾಯ್ತು ರೋಗ ಎಲ್ಲಿದೆ ಅಂತ. ಅಲುಗಾಡಿಸಿದ್ರೆ ದೀಪ ಮಿಣುಕುತ್ತೆ, ಇನ್ನೇನು ಬೇಕು ಸಾಕ್ಷಿ.

ಇನ್ನೊಂದು ದೂರು, ವೈರ್ ಎಳೆಯುತ್ತೆ, ಟೇಬಲ್ ಅಂಚಿಗೆ ಸಿಕ್ಕಿಹಾಕ್ಕೊಳ್ಳುತ್ತೆ ಅಂತ. ಇದು ನಿಜ, ಅರ್ಧ ನಮ್ಮ ತಪ್ಪು. ಕೇಬಲ್ ಟೇಬಲ್ ಹಿಂದಕ್ಕೆ ಜೋತು ಬಿದ್ದಿದ್ರೆ ಅದರ ಭಾರಾನೇ ಮೌಸನ್ನ ಹಿಂದಕ್ಕೆ ಎಳೀತಿರುತ್ತೆ. ಪೇಪರಿಗೆ ಹಾಕೋ ಕಪ್ಪು ಬೈಂಡರ್ ಕ್ಲಿಪ್ ಒಂದನ್ನ ಟೇಬಲ್ ಹಿಂದಿನ ಅಂಚಿಗೆ ಕಚ್ಚಿಸಿ, ಅದರ ತಂತಿ ಕಿವಿ ಒಳಗೆ ಕೇಬಲ್ ತೂರಿಸಿ, ಮೌಸ್ ಕಡೆಗೆ ಒಂದು ಮೊಳ ಸಡಿಲ ಬಿಡಿ. ಅಷ್ಟೇ. ವೈರ್ ಇದೆ ಅನ್ನೋದೇ ಮರೆತುಹೋಗುತ್ತೆ. ಆಟ ಆಡೋರು ಇದಕ್ಕೇ ಅಂತ ಸ್ಪ್ರಿಂಗ್ ಇರೋ ಸ್ಟ್ಯಾಂಡ್ ತಗೋತಾರೆ, ನನಗೆ ಕ್ಲಿಪ್ಪೇ ಸಾಕಾಗಿದೆ.

ಹಾಗೆ ನೋಡಿದ್ರೆ ಈ ಬಾಲದ ತಾಪತ್ರಯ ಹುಟ್ಟಿದಾಗಿಂದ ಇದೆ. ಅಮೆರಿಕದ ಕಂಪ್ಯೂಟರ್ ಸಂಶೋಧಕ ಡಗ್ಲಸ್ ಎಂಗೆಲ್‌ಬಾರ್ಟ್ ಕಲ್ಪನೆಯಂತೆ ಬಿಲ್ ಇಂಗ್ಲಿಷ್ ಅನ್ನೋ ಎಂಜಿನಿಯರ್ 1964ರ ಹೊತ್ತಿಗೆ ಮೊದಲ ಮೌಸ್ ಮಾಡಿದ್ದು, ಮರದ ತುಂಡು, ಕೆಳಗೆ ಅಡ್ಡಡ್ಡ ಎರಡು ಚಕ್ರ. ಮೊದಲು ಅದರ ವೈರ್ ಮಣಿಕಟ್ಟಿನ ಕಡೆಯಿಂದ ಬರ್ತಿತ್ತಂತೆ, ಕೈಗೆ ಅಡ್ಡ ಬರುತ್ತೆ ಅಂತ ಆಮೇಲೆ ಮುಂದಕ್ಕೆ ತಂದ್ರು. ಬಾಲ ಇದ್ದದ್ದಕ್ಕೇ ಇಲಿ ಅನ್ನೋ ಹೆಸರು ಬಂತು ಅಂತಾರೆ. 1968ರ ಡಿಸೆಂಬರ್ 9ಕ್ಕೆ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಜನರ ಮುಂದೆ ತೋರಿಸಿದ್ರು. ಈಗ ಬಾಲ ಹೋಗಿದೆ, ಹೆಸರು ಉಳ್ಕೊಂಡಿದೆ.

ವೇಗದ ಮಾತು ಎರಡೇ ಸಾಲಲ್ಲಿ ಮುಗಿಸ್ತೀನಿ. ಮಾಮೂಲಿ ಯುಎಸ್‌ಬಿ ಮೌಸ್ ಸೆಕೆಂಡಿಗೆ 125 ಸಲ ತಾನೆಷ್ಟು ಸರಿದೆ ಅಂತ ಹೇಳುತ್ತೆ, ಅಂದ್ರೆ 8 ಮಿಲಿಸೆಕೆಂಡಿಗೆ ಒಂದು ಸಲ, ಗೇಮಿಂಗ್ ಮೌಸ್ ಆದ್ರೆ 1000 ಸಲ. ಒಳ್ಳೇ ವೈರ್‌ಲೆಸ್ ಗೇಮಿಂಗ್ ಮೌಸುಗಳು ಈಗ ಆ 1000ವನ್ನೂ ಮುಟ್ಟಿವೆ, ತೂಕಾನೂ 60 ಗ್ರಾಂ ಸುತ್ತಮುತ್ತ ಇಳಿಸಿದ್ದಾರೆ, ಟೂರ್ನಮೆಂಟ್ ಆಡೋರೇ ಅದನ್ನ ಹಿಡೀತಾರೆ, ಹಾಗಿರುವಾಗ ಎಕ್ಸೆಲ್ ಶೀಟಲ್ಲಿ ಕ್ಲಿಕ್ ಮಾಡೋ ನಮಗೆ ಲೇಟ್ ಆಗುತ್ತೆ ಅನ್ನೋದು ಸುಮ್ನೆ ಮಾತು. ಒಂದು ಕಡೆ ಮಾತ್ರ ತಡ ಕಾಣುತ್ತೆ, ಎದ್ದು ಹೋಗಿ ಹತ್ತು ನಿಮಿಷ ಬಿಟ್ಟು ಬಂದ್ರೆ ಮೌಸ್ ಬ್ಯಾಟರಿ ಉಳಿಸೋಕೆ ನಿದ್ದೆ ಹೋಗಿರುತ್ತೆ, ಮೊದಲನೇ ಅಲುಗಾಟಾನೋ ಕ್ಲಿಕ್ಕೋ ನುಂಗಿಹಾಕುತ್ತೆ. ಬ್ಲೂಟೂತಿನದ್ದು ಏಳೋಕೆ ಇನ್ನೂ ಸ್ವಲ್ಪ ಸೋಮಾರಿ.

ಹಂಗಂತ ನಾನು ವೈರ್‌ಲೆಸ್ ವಿರೋಧಿ ಅಲ್ಲ, ನನ್ನ ಲ್ಯಾಪ್‌ಟಾಪ್ ಬ್ಯಾಗಲ್ಲಿರೋದು ಅದೇ. ಬಸ್ಸಲ್ಲಿ, ರೈಲಲ್ಲಿ, ಯಾರದೋ ಮೀಟಿಂಗ್ ಟೇಬಲ್ ಮೂಲೇಲಿ ವೈರ್ ಬಿಚ್ಚಿ ಸುತ್ತಿ ಯಾರು ಸಾಯ್ತಾರೆ. ಪ್ರೊಜೆಕ್ಟರ್ ಹಾಕ್ಕೊಂಡು ನಾಲ್ಕು ಹೆಜ್ಜೆ ದೂರ ನಿಂತು ಸ್ಲೈಡ್ ತಿರುಗಿಸೋರಿಗೆ, ಮಣಿಕಟ್ಟು ನೋವಿದ್ದು ಮೌಸನ್ನ ಒಮ್ಮೆ ಎಡಗೈಗೆ ಒಮ್ಮೆ ಬಲಗೈಗೆ ಬದಲಾಯಿಸೋರಿಗೆ ಅದಕ್ಕಿಂತ ಸುಖ ಇಲ್ಲ. ಆದ್ರೆ ಒಂದು ಸಲ ಏನಾಯ್ತು ಅಂದ್ರೆ, ಮೌಸ್ ಮಾತ್ರ ಬ್ಯಾಗಿಗೆ ಹಾಕ್ಕೊಂಡು ಬಂದೆ, ರಿಸೀವರ್ ಆಫೀಸ್ ಕಂಪ್ಯೂಟರಲ್ಲೇ ಉಳೀತು. ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಅದಿಲ್ಲದೆ ಇಡೀ ಮೌಸ್ ಬರೀ ಪ್ಲಾಸ್ಟಿಕ್. ಭಾನುವಾರ ಪೂರ್ತಿ ಟಚ್‌ಪ್ಯಾಡಲ್ಲಿ ಬೆರಳು ತಿಕ್ಕಿದೆ. ಕಳೆದೇ ಹೋಗಿದ್ರೆ ಇನ್ನೂ ಕಷ್ಟ, ಬೇರೆ ಮೌಸಿನ ರಿಸೀವರ್ ಸಾಮಾನ್ಯವಾಗಿ ಇದಕ್ಕೆ ಕೂಡಲ್ಲ, ಒಂದೆರಡು ಕಂಪನಿಗಳು ಮಾತ್ರ ತಮ್ಮದೇ ರಿಸೀವರ್ ಬಿಡಿಯಾಗಿ ಮಾರಿ ಮತ್ತೆ ಜೋಡಿಸ್ಕೊಳ್ಳೋಕೆ ಬಿಡ್ತವೆ. ಬ್ಲೂಟೂತ್ ಆದ್ರೆ ಈ ಕಳೆಯೋ ಗೋಳಿಲ್ಲ, ಆದ್ರೆ ಕಂಪ್ಯೂಟರ್ ಶುರುವಾಗೋ ಮುಂಚಿನ ಬಯೋಸ್ ಸ್ಕ್ರೀನಲ್ಲಿ ಅದು ಸಾಮಾನ್ಯವಾಗಿ ನಡೆಯಲ್ಲ, ವಿಂಡೋಸ್ ಹೊಸದಾಗಿ ಹಾಕುವಾಗ ಇನ್‌ಸ್ಟಾಲ್ ಸ್ಕ್ರೀನ್ ಮುಂದೆ ಕೈಕಟ್ಟಿ ಕೂರಬೇಕಾಗುತ್ತೆ. ಅದಕ್ಕೇ ನನ್ನ ಡ್ರಾಯರಲ್ಲಿ ಹಳೇ ವೈರ್ ಮೌಸ್ ಒಂದು ಸದಾ ಇರುತ್ತೆ.

ಬ್ಯಾಟರಿ ವಿಷಯ ಬರಹದಲ್ಲಿ ಅರ್ಧ ಸಾಲಷ್ಟೇ ಇತ್ತು. ಶೆಲ್ ಹಾಕೋ ಮೌಸ್ ತಿಂಗಳುಗಟ್ಟಲೆ ಓಡುತ್ತೆ, ಅದೇ ಅಪಾಯ, ಒಳಗೊಂದು ಶೆಲ್ ಇದೆ ಅನ್ನೋದೇ ಮರೆತುಹೋಗುತ್ತೆ. ಕಪಾಟಲ್ಲಿ ಬಿಟ್ಟಿದ್ದ ಒಂದನ್ನ ವರ್ಷ ಆದ್ಮೇಲೆ ತೆಗೆದು ನೋಡಿದ್ರೆ ಸ್ಪ್ರಿಂಗ್ ಸುತ್ತ ಬೆಳ್ಳಗೆ ಹಸಿರಾಗಿ ಪುಡಿ ಕಟ್ಕೊಂಡಿತ್ತು. ಆಲ್ಕಲೈನ್ ಶೆಲ್ ಸೋರಿದ್ರೆ ಹೊರಗೆ ಬರೋದು ಕ್ಷಾರ, ಹತ್ತಿಗೆ ಸ್ವಲ್ಪ ವಿನೆಗರ್ ಅದ್ದಿ ಒರೆಸಿದ್ರೆ ಹೋಗುತ್ತೆ, ಬರಿಗೈಲಿ ಮುಟ್ಟಬೇಡಿ. ಆದ್ರೆ ನನ್ನ ಮೌಸಿನ ಸ್ಪ್ರಿಂಗ್ ಅಷ್ಟೊತ್ತಿಗೆ ತಿಂದುಹೋಗಿತ್ತು. ಚಾರ್ಜ್ ಮಾಡೋದು ತಗೊಂಡ್ರೆ ಈ ಗಲೀಜಿಲ್ಲ, ಆದ್ರೆ ಚಾರ್ಜಿಂಗ್ ತೂತು ಎಲ್ಲಿದೆ ನೋಡ್ಕೊಳ್ಳಿ. ಆ್ಯಪಲ್ 2015ರಲ್ಲಿ ತಂದ ಮ್ಯಾಜಿಕ್ ಮೌಸ್ 2ಕ್ಕೆ ಅದು ಹೊಟ್ಟೆ ಕೆಳಗಿತ್ತು, ಚಾರ್ಜ್ ಆಗುವಾಗ ಮಗುಚಿ ಮಲಗಿಸಬೇಕು, ಅಲ್ಲಿವರೆಗೂ ಕೆಲಸ ಬಂದ್. ತೂತು ಮೂತಿ ಕಡೆ ಇದ್ರೆ ಚಾರ್ಜ್ ಆಗ್ತಾನೇ ಕೆಲಸ ಮಾಡ್ಬೋದು. ಅದರಲ್ಲೂ ಒಂದು ಒಳಗುಟ್ಟಿದೆ, ಕೆಲವು ಮೌಸಲ್ಲಿ ಆ ಕೇಬಲ್ ಬರೀ ಕರೆಂಟ್ ತರುತ್ತೆ, ಡೇಟಾ ಮಾತ್ರ ಗಾಳೀಲೇ ಹೋಗ್ತಿರುತ್ತೆ, ವೈರ್ ಹಾಕಿದೀನಲ್ಲ ಇನ್ನೂ ಯಾಕೆ ಜಿಗೀತಿದೆ ಅಂತ ತಲೆ ಕೆರ್ಕೋಬೇಕು.

ಸೆಕ್ಯುರಿಟಿ ಬಗ್ಗೆ ನಿಮ್ಮ ಬರಹದಲ್ಲಿ ಒಂದಕ್ಷರ ಇರ್ಲಿಲ್ಲ. 2016ರಲ್ಲಿ ಬ್ಯಾಸ್ಟಿಲ್ ಅನ್ನೋ ಸಂಸ್ಥೆ ಮೌಸ್‌ಜ್ಯಾಕ್ ಅಂತ ಹೆಸರಿಟ್ಟು ತೋರಿಸ್ತು, ಬ್ಲೂಟೂತ್ ಅಲ್ಲದ ಹಲವು ವೈರ್‌ಲೆಸ್ ರಿಸೀವರುಗಳಿಗೆ ಹತ್ತಿರದಲ್ಲಿ ಕೂತ ಇನ್ಯಾರೋ ಅಗ್ಗದ ರೇಡಿಯೋದಿಂದ ಸುಳ್ಳು ಕೀಬೋರ್ಡ್ ಒತ್ತು ಕಳಿಸ್ಬೋದು ಅಂತ. ಮೌಸಿನ ರಿಸೀವರ್ ಕೀಬೋರ್ಡ್ ಮಾತನ್ನೂ ನಂಬಿಬಿಡ್ತಿತ್ತು ನೋಡಿ. ಆಮೇಲೆ ಕೆಲವಕ್ಕೆ ರಿಪೇರಿ ಅಪ್‌ಡೇಟ್ ಬಂತು, ಅಪ್‌ಡೇಟ್ ಮಾಡೋಕೇ ಆಗದ ರಿಸೀವರುಗಳೂ ಇದ್ವು. ಮನೇಲಿ ಹಾಡು ಹಾಕೋಕೆ ಮೌಸ್ ಹಿಡಿಯೋರು ಇದಕ್ಕೆ ನಿದ್ದೆ ಕೆಡಿಸ್ಕೋಬೇಕಾಗಿಲ್ಲ. ದುಡ್ಡಿನ ಲೆಕ್ಕ ಇರೋ ಕೌಂಟರ್ ಕಂಪ್ಯೂಟರಿಗೆ ಮಾತ್ರ ನಾನಾದ್ರೆ ವೈರೇ ಹಾಕ್ತೀನಿ, ರಿಸೀವರ್ ಯಾರಾದ್ರೂ ಕಿತ್ಕೊಂಡು ಹೋಗೋ ಭಯಾನೂ ಇರಲ್ಲ.

ವೈರ್‌ಲೆಸ್ ಬಾಳಿಕೆ ಬರಲ್ಲ ಅನ್ನೋದು ಮಾತ್ರ ಅನ್ಯಾಯದ ಮಾತು. ಒಂದು ಸಲ ಒತ್ತಿದ್ರೆ ಎರಡು ಸಲ ಕ್ಲಿಕ್ ಆಗೋ ರೋಗ ಇದೆಯಲ್ಲ, ಅದು ಬಟನ್ ಕೆಳಗಿನ ಪುಟ್ಟ ಸ್ವಿಚ್ಚಿನ ಲೋಹದ ಪಟ್ಟಿ ಸವೆದು ಬರೋದು, ಬಾಲ ಇದ್ರೂ ಒಂದೇ ಇಲ್ಲದಿದ್ರೂ ಒಂದೇ. ನನ್ನ ಕೈಲಿ ಸತ್ತ ಮೌಸುಗಳಲ್ಲಿ ಹೆಚ್ಚಿನವು ಇದರಿಂದಾನೇ ಸತ್ತಿದ್ದು.

ಸಂಪಾದಕರಲ್ಲಿ ಕೋರಿಕೆ ಇಷ್ಟೇ. ಮುಂದೆ ಮೌಸ್ ಬಗ್ಗೆ ಬರೆಸುವಾಗ ಡಿಪಿಐ (ಮೌಸ್ ಒಂದು ಇಂಚು ಸರಿದ್ರೆ ಪಾಯಿಂಟರ್ ಎಷ್ಟು ಚುಕ್ಕಿ ಸರಿಯುತ್ತೆ ಅನ್ನೋ ಅಂಕಿ) ಎಷ್ಟು ಸಾವಿರ ಅಂತ ದೊಡ್ಡಕ್ಷರದಲ್ಲಿ ಹಾಕೋ ಬದಲು, ಶೆಲ್ಲೋ ಚಾರ್ಜೋ, ರಿಸೀವರ್ ಇಟ್ಕೊಳ್ಳೋಕೆ ಮೌಸ್ ಹೊಟ್ಟೇಲಿ ಗೂಡಿದೆಯೋ ಇಲ್ಲವೋ, ಕಳೆದ್ರೆ ಬಿಡಿಯಾಗಿ ಸಿಗುತ್ತಾ, ವೈರ್ ಆದ್ರೆ ಅದರ ಕತ್ತು ಗಟ್ಟಿಯಾಗಿದೆಯಾ, ಇಷ್ಟು ಬರೆಸಿ. ಬರೆಯೋರನ್ನ ಒಬ್ರನ್ನೇ ಕೂರಿಸಿ ಬರೆಸೋ ಬದಲು ನಿಮ್ಮ ಆಫೀಸಲ್ಲೇ ಪುಟ ಕಟ್ಟೋರ ಟೇಬಲ್ ಹತ್ರ ಸಂಜೆ ಹೊತ್ತು ಒಂದು ಸುತ್ತು ಹೋಗಿ ಬರೋಕೆ ಹೇಳಿ, ಅವರ ಕೈಲಿ ಏನಿದೆ ಅಂತ ನೋಡಲಿ. ನನ್ನ ಕೈಲಿ ಈಗ ಇರೋದು ವೈರಿಂದೇ, ಕ್ಲಿಪ್ಪಿಗೆ ಸಿಕ್ಕಿಸಿದೀನಿ, ಎಡ ಬಟನ್ ಈ ವಾರದಿಂದ ಎರಡೆರಡು ಸಲ ಒತ್ತಿಕೊಳ್ತಿದೆ.

ಇಂತಿ,
ನಿಮ್ಮ ಹಳೇ ಓದುಗ