ಮಳೆ ರಜೆಯಲ್ಲಿ ಹಡಗಿನ ಕಾಳಗ

ಮಾನ್ಯ ಸಂಪಾದಕರೇ,

ಮಳೆ ರಜೆ ಸಿಕ್ಕಾಗಲೆಲ್ಲ ಮಕ್ಕಳು ಕಂಪ್ಯೂಟರಿನಲ್ಲಿ ಯುದ್ಧದ ಆಟ ಆಡಿ ಹಾಳಾಗುತ್ತಿದ್ದಾರೆ, ಇಂಥ ಆಟಗಳನ್ನು ಮನೆಯೊಳಗೇ ಬಿಡಬಾರದು ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಅವರ ಕಾಳಜಿ ನನಗೂ ಇದೆ. ಆದರೆ ನಮ್ಮ ಮನೆಯಲ್ಲಿ ಆದದ್ದು ಸ್ವಲ್ಪ ಬೇರೆ. ಅದನ್ನು ಹೇಳಬೇಕು ಅನ್ನಿಸಿತು. ಪತ್ರ ಉದ್ದವಾದರೆ ಕ್ಷಮಿಸಿ.

ನಾನು ಸೋಮವಾರಪೇಟೆ ತಾಲ್ಲೂಕಿನವನು. 1981ರಲ್ಲಿ ನೌಕಾಪಡೆಗೆ ಸೇರಿದೆ. 15 ವರ್ಷ ಸೇವೆ ಮಾಡಿ, ಪೆಟಿ ಆಫೀಸರ್ ಆಗಿ ಊರಿಗೆ ಬಂದೆ. ಈಗ ನಾಲ್ಕು ಎಕರೆ ಕಾಫಿ, ಸ್ವಲ್ಪ ಮೆಣಸು ನೋಡಿಕೊಂಡಿದ್ದೇನೆ. ಹಡಗಿನಲ್ಲಿ ನನ್ನದು ರಾಡಾರ್ ಪ್ಲಾಟ್ ಕೆಲಸ. ಹಡಗಿನ ಹೊಟ್ಟೆಯೊಳಗೆ, ಕಿಟಕಿಯೇ ಇಲ್ಲದ ಕತ್ತಲೆ ಕೋಣೆಯಲ್ಲಿ ಕೂತು, ಹೊರಗೆ ಯಾವ ಹಡಗು ಎಲ್ಲಿದೆ, ಯಾವ ಕಡೆ ಹೋಗುತ್ತಿದೆ ಎಂದು ಗುರುತು ಹಾಕುವುದು. ನಮ್ಮ ಕಾಲದಲ್ಲಿ ಪಾರದರ್ಶಕ ಪ್ಲಾಸ್ಟಿಕ್ ಹಲಗೆ ಇತ್ತು. ಅದರ ಹಿಂದೆ ನಿಂತು ಮೇಣದ ಪೆನ್ಸಿಲ್‌ನಿಂದ ಅಕ್ಷರ, ಅಂಕಿ ಎಲ್ಲ ತಿರುಗಾಮುರುಗಾ ಬರೆಯಬೇಕು. ಎದುರಿಗೆ ಕೂತ ಅಧಿಕಾರಿಗೆ ಅದು ನೇರವಾಗಿ ಕಾಣಬೇಕಲ್ವಾ, ಅದಕ್ಕೆ. ಇವತ್ತಿಗೂ ನನಗೆ ಕನ್ನಡಿ ಬರಹ ಸಲೀಸು.

ನನ್ನ ಮೊಮ್ಮಗ ಎಂಟನೇ ತರಗತಿ. ಹೋದ ವರ್ಷ ಕಕ್ಕಡದ, ಅಂದರೆ ಜುಲೈ-ಆಗಸ್ಟಿನ, ಮಳೆಯಲ್ಲಿ ರಜೆ ಮೇಲೆ ರಜೆ ಸಿಕ್ಕಿತು. ಆಗ ಇಂಟರ್ನೆಟ್‌ನಲ್ಲಿ ಆಡುವ ಒಂದು ಹಡಗು ಕಾಳಗದ ಆಟ ಹಿಡಿದುಕೊಂಡ. ಈ ಕಡೆ 12 ಹಡಗು, ಆ ಕಡೆ 12 ಹಡಗು. 20 ನಿಮಿಷದೊಳಗೆ ಆಟ ಮುಗಿಯುತ್ತದೆ. ಮೊದಮೊದಲು ನಾನು ಗಮನ ಕೊಡಲಿಲ್ಲ. ಆಮೇಲೆ ಒಂದು ದಿನ ನನ್ನ ಮಗಳ ಫೋನಿನಿಂದ 1,850 ರೂಪಾಯಿ ಹೋಗಿತ್ತು. ಒಳಗೆ ಏನಿದೆ ಎಂದು ಗೊತ್ತಿಲ್ಲದ ಪೆಟ್ಟಿಗೆಗಳನ್ನು ಹುಡುಗ ದುಡ್ಡು ಕೊಟ್ಟು ತೆಗೆಸಿದ್ದ. ಒಳ್ಳೆಯ ಹಡಗು ಸಿಗಬಹುದು ಎಂಬ ಆಸೆ. ಇದು ಲಾಟರಿಯೇ, ಬೇರೆ ಹೆಸರಿಲ್ಲ. ಮಕ್ಕಳ ಆಟದಲ್ಲಿ ಲಾಟರಿ ಇಡುವುದು ತಪ್ಪು. ಈ ವಿಷಯದಲ್ಲಿ ಆ ಓದುಗರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ ಇದೆ.

ಮಗಳು ಆಟ ತೆಗೆದು ಹಾಕು ಎಂದಳು. ಹುಡುಗ ಅಳುತ್ತಾ ನನ್ನ ಹತ್ತಿರ ಬಂದ. ‘ಅಜ್ಜ, ನೀವಾದರೂ ಒಮ್ಮೆ ನೋಡಿ, ಇದು ನಿಮ್ಮ ಹಡಗಿನ ಆಟವೇ’ ಎಂದ. ಸರಿ, ಪಕ್ಕದಲ್ಲಿ ಕೂತೆ. ಅವನ ಪರದೆಯ ಮೇಲೆ ಗ್ರಾಫ್ ಸ್ಪೀ ಎಂಬ ಜರ್ಮನ್ ಹಡಗು ಇತ್ತು. ನನಗೆ ಒಂದು ಕ್ಷಣ ಮಾತೇ ಹೊರಡಲಿಲ್ಲ.

ಯಾಕೆ ಎಂದು ಹೇಳುತ್ತೇನೆ. 1939ರ ಡಿಸೆಂಬರ್ 13ರಂದು ದಕ್ಷಿಣ ಅಮೆರಿಕದ ಪ್ಲೇಟ್ ನದಿ ಸಮುದ್ರ ಸೇರುವಲ್ಲಿ ಈ ಗ್ರಾಫ್ ಸ್ಪೀಗೆ ಬ್ರಿಟಿಷರ ಕಡೆಯ ಮೂರು ಚಿಕ್ಕ ಹಡಗುಗಳು ಎದುರಾದವು. ಎಕ್ಸೆಟರ್, ಏಜಾಕ್ಸ್, ಅಕಿಲೀಸ್. ಜರ್ಮನ್ ಹಡಗಿನ ದೊಡ್ಡ ಫಿರಂಗಿಗೆ 11 ಇಂಚಿನ ಬಾಯಿ. ಅಕಿಲೀಸ್‌ನದು ಬರೀ 6 ಇಂಚು. ಆದರೂ ಮೂರೂ ಹಡಗುಗಳು ಒಟ್ಟಿಗೆ ನಿಲ್ಲದೆ ಎರಡು ಕಡೆಗೆ ಹಂಚಿಕೊಂಡವು. ದೊಡ್ಡ ಹಡಗು ಯಾರ ಕಡೆ ಫಿರಂಗಿ ತಿರುಗಿಸಬೇಕು ಎಂದು ಯೋಚಿಸುವ ಹಾಗೆ ಮಾಡಿದವು. ಏಟು ತಿಂದ ಗ್ರಾಫ್ ಸ್ಪೀ ಮಾಂಟೆವಿಡಿಯೊ ಬಂದರಿಗೆ ಹೋಯಿತು. ಹೊರಗೆ ದೊಡ್ಡ ದೊಡ್ಡ ಬ್ರಿಟಿಷ್ ಹಡಗುಗಳು ಕಾಯುತ್ತಿವೆ ಎಂಬ ಸುದ್ದಿಯನ್ನು ಬ್ರಿಟಿಷರು ಹಬ್ಬಿಸಿದರು. ಅಷ್ಟೊಂದು ಹಡಗು ಅಲ್ಲಿ ಇರಲೇ ಇಲ್ಲ. ಆ ಸುದ್ದಿಯನ್ನು ನಂಬಿದ ಜರ್ಮನ್ ಕ್ಯಾಪ್ಟನ್ 17ನೇ ತಾರೀಕು ತನ್ನ ಹಡಗನ್ನು ತಾನೇ ಮುಳುಗಿಸಿದ.

ಆ ಅಕಿಲೀಸ್ ಇದೆಯಲ್ಲ, ಅದನ್ನೇ 1948ರಲ್ಲಿ ನಮ್ಮ ದೇಶ ಕೊಂಡುಕೊಂಡಿತು. ಅದೇ ನಮ್ಮ ನೌಕಾಪಡೆಯ ‘ದೆಹಲಿ’ ಹಡಗು. 1961ರ ಗೋವಾ ವಿಮೋಚನೆಯ ಕಾರ್ಯಾಚರಣೆಯಲ್ಲೂ ಇತ್ತು. 1978ರಲ್ಲಿ ಸೇವೆ ಮುಗಿಸಿತು. ಅದರಲ್ಲಿ ಕೆಲಸ ಮಾಡಿದ್ದ ಹಿರಿಯರು ನನ್ನ ಮೆಸ್ಸಿನಲ್ಲಿ ಇದ್ದರು. ಆ ಹಡಗಿನ ಹಿತ್ತಾಳೆ ಉಜ್ಜಿ ಉಜ್ಜಿ ಕೈ ಸವೆದ ಕಥೆ ಹೇಳುತ್ತಿದ್ದರು. ನನ್ನ ಮೊಮ್ಮಗ ಬಾಯಿ ಬಿಟ್ಟುಕೊಂಡು ಕೇಳಿದ. ಅವತ್ತು ಅವನು ಮತ್ತೆ ಆಟ ಆಡಲಿಲ್ಲ. ಅಟ್ಲಾಸ್ ತೆಗೆದು ಮಾಂಟೆವಿಡಿಯೊ ಹುಡುಕಿದ.

ಆ ಇಂಟರ್ನೆಟ್ ಆಟವನ್ನು ಆಮೇಲೆ ಬಿಡಿಸಿದೆವು. ನಮ್ಮ ಕಡೆ ಗಾಳಿ ಮಳೆ ಜೋರಾದರೆ ನೆಟ್‌ವರ್ಕ್ ಎರಡು ಮೂರು ದಿನ ಇರುವುದಿಲ್ಲ, ಅದೂ ಒಂದು ಕಾರಣ. ಬದಲಿಗೆ ‘ಸೈಲೆಂಟ್ ಹಂಟರ್ 3’ ಎಂಬ ಹಳೆಯ ಆಟ ತಂದೆವು. 2005ರದ್ದು. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಇದರಲ್ಲಿ ಆಡುವವನು ಎರಡನೇ ಮಹಾಯುದ್ಧದ ಜರ್ಮನ್ ಸಬ್‌ಮರೀನಿನ ಕ್ಯಾಪ್ಟನ್. ಗಂಟೆಗಟ್ಟಲೆ ಏನೂ ಆಗುವುದಿಲ್ಲ. ಬರೀ ನೀರು, ಮಂಜು, ಕಿವಿಗೆ ದೂರದ ಪ್ರೊಪೆಲರ್ ಸದ್ದು. ಕಡಲಿನ ಕೆಲಸ ನಿಜವಾಗಿ ಹಾಗೆಯೇ ಇರುತ್ತದೆ. ಕಾಯುವುದೇ ಜಾಸ್ತಿ.

ಇಲ್ಲಿ ನನ್ನ ಹಳೆಯ ವಿದ್ಯೆ ಉಪಯೋಗಕ್ಕೆ ಬಂತು. ಎದುರಿನ ಹಡಗಿನ ವೇಗ ಕಂಡುಹಿಡಿಯುವುದು ಹೇಗೆ? ನಕ್ಷೆಯ ಮೇಲೆ ಅದರ ಜಾಗ ಗುರುತು ಮಾಡಬೇಕು. 3 ನಿಮಿಷ 15 ಸೆಕೆಂಡ್ ಬಿಟ್ಟು ಮತ್ತೆ ಗುರುತು ಮಾಡಬೇಕು. ನಡುವಿನ ದೂರ 800 ಮೀಟರ್ ಬಂದರೆ ವೇಗ 8 ನಾಟ್. 1,200 ಬಂದರೆ 12 ನಾಟ್. ಎರಡು ಸೊನ್ನೆ ತೆಗೆದರೆ ಆಯಿತು. ಯಾಕೆ ಹೀಗೆ ಎಂದು ಹುಡುಗನಿಗೆ ಕೇಳಿದೆ. ಒಂದು ನಾಟಿಕಲ್ ಮೈಲಿ ಎಂದರೆ 1,852 ಮೀಟರ್, ಒಂದು ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ, ಇಷ್ಟೇ ಹೇಳಿದೆ. ಕಾಗದ ಪೆನ್ಸಿಲ್ ಹಿಡಿದು ಅರ್ಧ ಗಂಟೆ ಕೂತು ತಾನೇ ಲೆಕ್ಕ ಬಿಡಿಸಿದ. ಗಣಿತದ ಪುಸ್ತಕ ಕಂಡರೆ ಓಡುವ ಹುಡುಗ ಇವನು! ಶಾಲೆಯ ‘ವೇಗ, ದೂರ, ಕಾಲ’ ಪಾಠದಲ್ಲಿ ಬರುವ ರೈಲು ಅವನಿಗೆ ಯಾವತ್ತೂ ಮುಖ್ಯ ಅನ್ನಿಸಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ರೈಲೇ ಇಲ್ಲವಲ್ಲ.

ಆಟ ಎಂದರೆ ಸುಮ್ನೆ ಕಾಲಹರಣ ಎನ್ನುವವರಿಗೆ ಒಂದು ನಿಜ ಸಂಗತಿ ಹೇಳಬೇಕು. 1942ರ ಜನವರಿಯಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್‌ನಲ್ಲಿ ಗಿಲ್ಬರ್ಟ್ ರಾಬರ್ಟ್ಸ್ ಎಂಬ ಅಧಿಕಾರಿಗೆ ಒಂದು ಕೆಲಸ ಕೊಟ್ಟರು. ಕ್ಷಯ ಬಂದು ನೌಕಾಪಡೆಯಿಂದ ಹೊರಗೆ ಹೋಗಿದ್ದವರು ಅವರು. ಜರ್ಮನ್ ಸಬ್‌ಮರೀನುಗಳು ಅಟ್ಲಾಂಟಿಕ್‌ನಲ್ಲಿ ಹಡಗುಗಳನ್ನು ಸಾಲುಸಾಲಾಗಿ ಮುಳುಗಿಸುತ್ತಿದ್ದವು. ಇದನ್ನು ತಡೆಯುವುದು ಹೇಗೆ ಎಂದು ಕಂಡುಹಿಡಿಯಬೇಕಿತ್ತು. ರಾಬರ್ಟ್ಸ್ ಮಾಡಿದ್ದು ಆಟ! ಒಂದು ಕೋಣೆಯ ನೆಲವನ್ನೇ ಸಮುದ್ರ ಮಾಡಿಕೊಂಡರು. ಪುಟ್ಟ ಮರದ ಹಡಗುಗಳನ್ನು ಇಟ್ಟರು. ಆಡುವ ಅಧಿಕಾರಿಗಳು ಪರದೆಯ ಹಿಂದೆ ನಿಂತು ಚಿಕ್ಕ ಕಿಂಡಿಯಲ್ಲಿ ನೋಡಬೇಕು. ನಿಜವಾದ ಕಡಲಿನಲ್ಲಿ ಎಷ್ಟು ಕಾಣುತ್ತದೋ ಅಷ್ಟೇ ಕಾಣಬೇಕು ಎಂದು ಹಾಗೆ. ಸಬ್‌ಮರೀನಿನ ದಾರಿಯನ್ನು ಹಸಿರು ಚಾಕ್‌ನಲ್ಲಿ ಬರೆಯುತ್ತಿದ್ದರು. ಆ ಬಣ್ಣ ಕಿಂಡಿಯಿಂದ ನೋಡುವವರಿಗೆ ಕಾಣುತ್ತಿರಲಿಲ್ಲ. ಈ ಆಟವನ್ನು ನಡೆಸುತ್ತಿದ್ದವರು ನೌಕಾಪಡೆಯ ಮಹಿಳಾ ದಳದ ಎಳೆಯ ಹುಡುಗಿಯರು.

ಸಬ್‌ಮರೀನ್ ಹಡಗುಗಳ ಸಾಲಿನ ಹೊರಗಿನಿಂದ ಹೊಡೆಯುತ್ತದೆ ಎಂದೇ ಅಲ್ಲಿಯವರೆಗೆ ಬಹಳ ಜನ ತಿಳಿದಿದ್ದರು. ಆಡಿ ನೋಡಿದಾಗ ಬೇರೆಯೇ ಗೊತ್ತಾಯಿತು. ಅದು ರಾತ್ರಿ ಹೊತ್ತು ಹಿಂದಿನಿಂದ ಬಂದು ಹಡಗುಗಳ ಸಾಲಿನ ಒಳಗೇ ಸೇರಿಕೊಂಡು ಹೊಡೆಯುತ್ತಿತ್ತು. ಬೆಂಗಾವಲಿನವರು ಇಷ್ಟು ದಿನ ತಪ್ಪು ಕಡೆ ಹುಡುಕುತ್ತಿದ್ದರು. ಆ ಕೋಣೆಯಲ್ಲಿ ಹುಟ್ಟಿದ ಉಪಾಯಕ್ಕೆ ‘ರಾಸ್‌ಬೆರಿ’ ಎಂದು ಹೆಸರಿಟ್ಟರು. ಹೆಸರಿಟ್ಟವಳು ಜೀನ್ ಲೇಡ್ಲಾ ಎಂಬ ಹುಡುಗಿ. ಅಟ್ಲಾಂಟಿಕ್‌ಗೆ ಹೊರಡುವ ಅಧಿಕಾರಿಗಳು ತಂಡ ತಂಡವಾಗಿ ಆ ಕೋಣೆಗೆ ಬಂದು ಆಡಿ ಕಲಿತು ಹೋದರು.

ಅದೇ ವರ್ಷ ಜಪಾನಿನವರೂ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಯುದ್ಧಕ್ಕೆ ಮೊದಲು ಮೇಜಿನ ಮೇಲೆ ಆಡಿ ನೋಡಿದ್ದರು. ಆಟದಲ್ಲಿ ಅವರ ವಿಮಾನವಾಹಕ ಹಡಗು ಮುಳುಗಿತು. ದೊಡ್ಡ ಅಧಿಕಾರಿ ಒಪ್ಪಲಿಲ್ಲ. ಮುಳುಗಿದ ಹಡಗನ್ನು ಮತ್ತೆ ತೇಲಿಸಿ ಆಟ ಮುಂದುವರಿಸಿದರು. ಜೂನ್‌ನಲ್ಲಿ ನಿಜವಾದ ಮಿಡ್‌ವೇಯಲ್ಲಿ ಅವರ ನಾಲ್ಕು ವಿಮಾನವಾಹಕ ಹಡಗುಗಳು ಮುಳುಗಿದವು. ಮೊಮ್ಮಗ ಸೋತಾಗಲೆಲ್ಲ ಆಟವನ್ನು ಮೊದಲು ಉಳಿಸಿಟ್ಟಿದ್ದ ಜಾಗಕ್ಕೆ (ಹಳೆಯ ಸೇವ್‌ಗೆ) ಹಿಂದೆ ಹೋಗುತ್ತಿದ್ದ. ಈ ಕಥೆ ಕೇಳಿದ ಮೇಲೆ ಅದನ್ನು ಬಿಟ್ಟಿದ್ದಾನೆ. ನಾನು ಬಿಡು ಎಂದು ಹೇಳಲಿಲ್ಲ.

ಇನ್ನು ನನ್ನ ಮನಸ್ಸಿಗೆ ಕಷ್ಟವಾದ ಒಂದು ವಿಷಯ. ಒಂದು ಸಂಜೆ ಹುಡುಗ ಟಾರ್ಪಿಡೊ ಬಿಟ್ಟು ಒಂದು ವ್ಯಾಪಾರಿ ಹಡಗನ್ನು ಮುಳುಗಿಸಿದ. ಚಪ್ಪಾಳೆ ತಟ್ಟಿ ಕುಣಿದ. ನಾನು ಲ್ಯಾಪ್‌ಟಾಪ್ ಮುಚ್ಚಿಸಿ ಅಡುಗೆಮನೆಗೆ ಕರೆದುಕೊಂಡು ಹೋದೆ. ಒಲೆ ಮುಂದೆ ಕೂತು ಎರಡು ಮಾತು ಹೇಳಿದೆ. ಆ ಕಾಲದ ಬ್ರಿಟಿಷ್ ವ್ಯಾಪಾರಿ ಹಡಗುಗಳ ಎಂಜಿನ್ ಕೋಣೆಯಲ್ಲಿ ಕಲ್ಲಿದ್ದಲು ತುಂಬುತ್ತಿದ್ದವರಲ್ಲಿ ಬಹಳ ಜನ ನಮ್ಮ ದೇಶದ ಖಲಾಸಿಗಳು ಎಂದೆ. ಟಾರ್ಪಿಡೊ ಅಲ್ಲಿ ಬಡಿದರೆ ಮೊದಲು ನೀರು ನುಗ್ಗುವುದು ಅವರ ಮೇಲೇ.

ಆಮೇಲೆ ನಮ್ಮ ನೌಕಾಪಡೆಯ ಖುಕ್ರಿ ಹಡಗಿನ ವಿಷಯ ಹೇಳಿದೆ. 1971ರ ಡಿಸೆಂಬರ್ 9ರ ರಾತ್ರಿ ದಿಯು ಹತ್ತಿರ ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ಹೊಡೆದ ಟಾರ್ಪಿಡೊಗೆ ನಮ್ಮ ಖುಕ್ರಿ ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಟ್ಟು ಬರಲಿಲ್ಲ. ನಾನು ಸೇರಿದಾಗ ಇದು ಹತ್ತು ವರ್ಷ ಹಿಂದಿನ ಮಾತು. ಖುಕ್ರಿ ಎಂದರೆ ಮೆಸ್ಸಿನಲ್ಲಿ ಮಾತು ನಿಂತು ಹೋಗುತ್ತಿತ್ತು. ಅದೇ ಯುದ್ಧದ ಮೊದಲ ರಾತ್ರಿ ವಿಶಾಖಪಟ್ಟಣದ ಹೊರಗೆ ಪಾಕಿಸ್ತಾನದ ಘಾಜಿ ಸಬ್‌ಮರೀನ್ ಮುಳುಗಿತು. ಅದು ಹುಡುಕಿ ಬಂದದ್ದು ನಮ್ಮ ವಿಕ್ರಾಂತ್ ಹಡಗನ್ನು. ವಿಕ್ರಾಂತ್ ಆಗಲೇ ಅಂಡಮಾನಿಗೆ ಹೋಗಿತ್ತು. ವಿಶಾಖಪಟ್ಟಣದ ಹತ್ತಿರ ರಜಪೂತ್ ಎಂಬ ಹಡಗು ತಾನೇ ವಿಕ್ರಾಂತ್ ಎನ್ನುವ ಹಾಗೆ ರೇಡಿಯೊ ಸಂದೇಶ ಕಳಿಸುತ್ತಿತ್ತು. ಗ್ರಾಫ್ ಸ್ಪೀಗೆ ಮಾಡಿದಂಥದ್ದೇ ಉಪಾಯ. ಘಾಜಿಯಲ್ಲಿದ್ದ ಒಬ್ಬರೂ ಉಳಿಯಲಿಲ್ಲ. ಅವರೂ ನಾವಿಕರೇ, ಅವರಿಗೂ ಮನೆ ಇತ್ತು ಎಂದೆ. ಹುಡುಗ ಏನೂ ಮಾತಾಡಲಿಲ್ಲ. ರಾತ್ರಿ ಮಲಗುವಾಗ ‘ಅಜ್ಜ, ನಿಮಗೆ ಹೆದರಿಕೆ ಆಗುತ್ತಿತ್ತಾ?’ ಎಂದು ಕೇಳಿದ. ಆಗುತ್ತಿತ್ತು ಎಂದೆ.

ಆ ಓದುಗರಿಗೆ ನಾನು ಹೇಳುವುದು ಇದನ್ನೇ. ಆಟವನ್ನು ಹೊರಗೆ ಹಾಕಿದ್ದರೆ ಈ ಮಾತು ನಮ್ಮಿಬ್ಬರ ನಡುವೆ ಬರುತ್ತಲೇ ಇರಲಿಲ್ಲ. ಆಟ ಹಡಗನ್ನು ಹೊರಗಿನಿಂದ ತೋರಿಸುತ್ತದೆ. ಒಳಗಿನ ಜನರನ್ನು ತೋರಿಸುವುದಿಲ್ಲ. ಅದನ್ನು ಹೇಳಲು ಮನೆಯ ಹಿರಿಯರು ಪಕ್ಕದಲ್ಲಿ ಕೂರಬೇಕು. ಹಾಗೆ ಕೂರದೆ ಮಕ್ಕಳನ್ನು ಆಟದ ಜೊತೆ ಒಂಟಿಯಾಗಿ ಬಿಟ್ಟರೆ 1,850 ರೂಪಾಯಿ ಹೋಗುತ್ತದೆ. ನನ್ನ ಮನೆಯಲ್ಲೇ ಹೋಯಿತು.

ಕೊಡಗಿನಲ್ಲಿ ಸೈನ್ಯ ಎಂದರೆ ಭೂಸೇನೆ. ಕಾರ್ಯಪ್ಪನವರು, ತಿಮ್ಮಯ್ಯನವರು ಎಂದರೆ ಪ್ರತಿ ಮಗುವಿಗೂ ಗೊತ್ತು, ಗೊತ್ತಿರಲೇಬೇಕು. ಆದರೆ ಡಿಸೆಂಬರ್ 4 ನೌಕಾಪಡೆ ದಿನ ಎಂದು ಎಷ್ಟು ಮಕ್ಕಳಿಗೆ ಗೊತ್ತು? 1971ರ ಯುದ್ಧದಲ್ಲಿ ಆ ರಾತ್ರಿ ನಿಪಾತ್, ನಿರ್ಘಾತ್, ವೀರ್ ಎಂಬ ಮೂರು ಪುಟ್ಟ ಮಿಸೈಲ್ ಬೋಟುಗಳು ಕರಾಚಿಯ ಬಾಗಿಲಿಗೆ ಹೋಗಿ ಹೊಡೆದು ಬಂದವು. ತೀರ ಕಾಯಲಿಕ್ಕೆ ಎಂದು ಮಾಡಿದ ಬೋಟುಗಳು ಅವು. ದೂರ ಹೋಗುವಂಥವಲ್ಲ. ಅವನ್ನು ದಾಳಿಗೆ ಬಳಸಬಹುದು ಎಂದು ಯೋಚಿಸಿದ್ದೇ ದೊಡ್ಡದು. ಏಟು ತಿಂದ ಪಾಕಿಸ್ತಾನದ ಖೈಬರ್ ಹಡಗಿನವರು ಇದು ವಿಮಾನದ ದಾಳಿ ಎಂದೇ ತಿಳಿದರು. ಬೋಟುಗಳು ಅವರಿಗೆ ಕಾಣಲೇ ಇಲ್ಲ. ಇಂಥ ಕಥೆಯ ಮೇಲೆ ಕನ್ನಡದಲ್ಲೇ ಒಂದು ಒಳ್ಳೆಯ ಆಟ ಮಾಡಿದರೆ ಎಷ್ಟು ಚೆನ್ನ. ಬೆಂಗಳೂರಿನಲ್ಲಿ ಆಟ ಮಾಡುವ ಹುಡುಗರು ಬೇಕಾದಷ್ಟಿದ್ದಾರೆ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ರಾಣಿಯ ಕಥೆಯೂ ಇದೆ.

ಶಾಲೆಗಳಿಗೆ ಒಂದು ಮನವಿ. ಪ್ರವಾಸ ಎಂದರೆ ಪ್ರತಿ ವರ್ಷ ಅದೇ ಮೈಸೂರು, ಅದೇ ಬೇಲೂರು. ಒಂದು ಸಲ ಕಾರವಾರಕ್ಕೆ ಕರೆದುಕೊಂಡು ಹೋಗಿ. ಅಲ್ಲಿ ಕಡಲ ತೀರದಲ್ಲಿ ‘ಚಪಲ್’ ಎಂಬ ಮಿಸೈಲ್ ಬೋಟನ್ನು ವಸ್ತುಸಂಗ್ರಹಾಲಯ ಮಾಡಿ ಇಟ್ಟಿದ್ದಾರೆ. ಕರಾಚಿಗೆ ಹೋದ ಬೋಟುಗಳ ಜಾತಿಯದ್ದೇ. ಮಕ್ಕಳು ಅದರ ಒಳಗೆ ಇಳಿದು ನೋಡಬೇಕು. ಎಷ್ಟು ಇಕ್ಕಟ್ಟು, ತಲೆ ಎಲ್ಲೆಲ್ಲಿ ಬಡಿಯುತ್ತದೆ ಎಂದು ಗೊತ್ತಾಗಬೇಕು. ನಾನು ಮೊಮ್ಮಗನನ್ನು ಜನವರಿಯಲ್ಲಿ ಕರೆದುಕೊಂಡು ಹೋಗಿದ್ದೆ. ಆಪರೇಷನ್ ಕೋಣೆಯಲ್ಲಿ ನಿಂತು ‘ಇಷ್ಟೇನಾ ಜಾಗ?’ ಎಂದ.

ಮುಂದಿನ ಮಳೆಗಾಲದಲ್ಲಿ ನಮ್ಮ ತಾಲ್ಲೂಕಿನ ಯಾವುದಾದರೂ ಶಾಲೆಯವರು ಒಂದು ಶನಿವಾರ ಮಧ್ಯಾಹ್ನ ಕೊಟ್ಟರೆ ಲಿವರ್‌ಪೂಲಿನ ಆ ನೆಲದ ಆಟವನ್ನು ಮಕ್ಕಳಿಗೆ ಆಡಿಸಲು ನಾನು ತಯಾರಿದ್ದೇನೆ. ದುಡ್ಡು ಕಾಸು ಏನೂ ಬೇಡ. ಕರೆಂಟೂ ಬೇಡ. ಪತ್ರಿಕೆಯ ಕಚೇರಿಗೆ ತಿಳಿಸಿದರೆ ಸಾಕು. ಹಳೆಯ ಚಾರ್ಟು, ಪ್ಯಾರಲಲ್ ರೂಲರು, ಕಾಂಪಾಸು ನನ್ನ ಹತ್ತಿರ ಇವೆ. ಮರದ ಹಡಗುಗಳನ್ನು ಮೊಮ್ಮಗ ಸಿಲ್ವರ್ ಓಕ್ ತುಂಡಿನಲ್ಲಿ ಕೆತ್ತುತ್ತಿದ್ದಾನೆ. ಇವತ್ತಿಗೆ ಹನ್ನೊಂದು ಆಗಿವೆ. ಶಾಲೆಯವರು ಒಂದು ಖಾಲಿ ಕೋಣೆ ಮತ್ತು ಒಂದು ಡಬ್ಬಿ ಹಸಿರು ಚಾಕ್ ಕೊಡಲಿ.

ಇಂತಿ ನಿಮ್ಮ ಓದುಗ,
ನಿವೃತ್ತ ನಾವಿಕ
ಸೋಮವಾರಪೇಟೆ ತಾಲ್ಲೂಕು, ಕೊಡಗು